ರಿಮೋಟಿನ ಒಳಹೊಲಿಗೆ

ನಮ್ಮ ಮನೆಯಲ್ಲಿ ಟಿ.ವಿ. ರಿಮೋಟು ಯಾವಾಗಲೂ ನಮ್ಮವರ ಕೈಯಲ್ಲೇ ಇರುತ್ತಿತ್ತು. ನಿಮ್ಮ ಮನೆಯಲ್ಲೂ ಹಾಗೇ ಇದ್ದರೆ ಆಶ್ಚರ್ಯವೇನಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಪಕ್ಕದಲ್ಲಿ, ಮಲಗಿದರೆ ದಿಂಬಿನ ಕೆಳಗೆ. ಧಾರಾವಾಹಿಯಲ್ಲಿ ಸೊಸೆ ಇನ್ನೇನು ಬಾಗಿಲು ತೆರೆಯಬೇಕು ಅನ್ನುವಷ್ಟರಲ್ಲಿ ವಾರ್ತೆ ಬಂದುಬಿಡುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಚರಿತ್ರೆ ಪಾಠ ಹೇಳಿದವಳು. ರಾಜದಂಡ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಮಕ್ಕಳಿಂದ ಉರು ಹೊಡೆಸಿದವಳಿಗೆ ಮನೆಯ ರಾಜದಂಡ ಮಾತ್ರ ಒಂದು ಸಂಜೆಯೂ ಸಿಗಲಿಲ್ಲ.

ಅದು ನನ್ನ ಕೈಗೆ ಬಂದದ್ದು 2009ರ ಮಳೆಗಾಲದಲ್ಲಿ. ನಮ್ಮವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ತೊದಲಿತು. ಅಂಕಿ ಅಕ್ಷರ ನೋಡಿದರೆ ಗುರುತು ಹತ್ತದು. ಸುಳ್ಳು ಯಾಕೆ ಹೇಳಲಿ? ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೊದಲ ಎರಡು ಸಂಜೆ ನನಗೆ ಮನಸ್ಸಿನ ಒಂದು ಮೂಲೆಯಲ್ಲಿ ಹಾಯೆನಿಸಿತು. ನನ್ನ ಧಾರಾವಾಹಿಯನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಮೂರನೆಯ ಸಂಜೆ ಪಕ್ಕಕ್ಕೆ ತಿರುಗಿದಾಗ ಅವರ ಮುಖ ಕಂಡಿತು. ಪರದೆಯಲ್ಲಿ ಏನಿದ್ದರೂ ಅದನ್ನೇ ನೋಡುತ್ತಾ ಕೂತಿದ್ದರು. ಬೇಡವೆಂದು ಹೇಳುವ ಗೋಜಿಗೂ ಹೋಗಿರಲಿಲ್ಲ. ಹೊಟ್ಟೆಯಲ್ಲಿ ಕಲಸಿದಂತಾಯಿತು.

ರಿಮೋಟನ್ನು ಅವರ ಎಡಗೈಗೆ ಕೊಟ್ಟೆ. ಆ ಹೊತ್ತಿಗೆ ನಮ್ಮ ಮನೆಗೆ ತಟ್ಟೆ ಆಂಟೆನಾದ ಡಬ್ಬಿ ಬಂದಿತ್ತು. ಹಾಗಾಗಿ ರಿಮೋಟು ಎರಡು, ಒಂದೊಂದರಲ್ಲೂ ನಲವತ್ತು ಗುಂಡಿ. ಟಿ.ವಿ.ಗೆ ಒಂದು, ಡಬ್ಬಿಗೆ ಇನ್ನೊಂದು. ತಪ್ಪು ಗುಂಡಿ ಒತ್ತಿದರೆ ಪರದೆಯೆಲ್ಲ ನೀಲಿ. ಪ್ರತಿ ಸಲವೂ ಅಡಿಗೆಮನೆಯಿಂದ ಕೈ ಒರೆಸಿಕೊಂಡು ನಾನು ಓಡಿ ಬರಬೇಕು. ನಾಲ್ಕನೆಯ ದಿನ ಅವರು ಎರಡನ್ನೂ ನನ್ನ ಕಡೆ ತಳ್ಳಿ ಗೋಡೆಗೆ ಮುಖ ಮಾಡಿದರು.

ಮಗಳು ಅಮೆರಿಕದ ಓಹಾಯೋ ರಾಜ್ಯದಲ್ಲಿದ್ದಾಳೆ. ತಂದೆಯನ್ನು ನೋಡಲು ಬಂದವಳ ಪೆಟ್ಟಿಗೆಯಲ್ಲಿ ಮಾತ್ರೆ, ಒಣಹಣ್ಣುಗಳ ಜೊತೆ ಒಂದು ದೊಡ್ಡ ರಿಮೋಟು, ಒಂದಿಷ್ಟು ತಂತಿ, ಬೆಸುಗೆ ಹಾಕುವ ಕಡ್ಡಿ ಇದ್ದವು. ನನಗೆ ಅವು ಹೊಸತಲ್ಲ. 2004ರಲ್ಲಿ ಅವಳ ಬಾಣಂತನಕ್ಕೆ ಹೋದಾಗ, ಮಗು ಮಲಗಿದ ಮೇಲೆ ಅವಳೂ ಅಳಿಯನೂ ಊಟದ ಮೇಜಿನ ಮೇಲೆ ಇದನ್ನೇ ಹರಡಿಕೊಂಡು ಕೂರುತ್ತಿದ್ದರು. ‘ಇದೇನೇ ಸಂಸಾರವಂದಿಗರು ಮಾಡುವ ಕೆಲಸ’ ಎಂದು ಬೈದಿದ್ದೆ. ಆಗ ಅವಳು ಹೇಳಿದ್ದನ್ನೂ, ಆಮೇಲೆ ನಾನೇ ಹುಡುಕಿ ಓದಿದ್ದನ್ನೂ ಸೇರಿಸಿ ನಿಮಗೊಂದು ಸಣ್ಣ ಚರಿತ್ರೆ ಪಾಠ ಹೇಳುತ್ತೇನೆ. ಹಳೆಯ ಚಾಳಿ, ಕ್ಷಮಿಸಿ.

ಟಿ.ವಿ.ಗೆ ರಿಮೋಟು ಬಂದದ್ದು 1950ರಲ್ಲಿ, ಅಮೆರಿಕದ ಶಿಕಾಗೋ ನಗರದ ಜೆನಿತ್ ಕಂಪನಿಯಿಂದ. ಅದರ ಹೆಸರೇ ‘ಲೇಜಿ ಬೋನ್ಸ್’, ಅಂದರೆ ಮೈಗಳ್ಳ. ಉದ್ದನೆಯ ತಂತಿಯಿಂದ ಟಿ.ವಿ.ಗೆ ಕಟ್ಟಿದ್ದರು. ನಡುಮನೆಯಲ್ಲಿ ಬಿದ್ದ ಆ ತಂತಿಗೆ ಜನ ಎಡವಿ ಬೀಳತೊಡಗಿದರು. 1955ರಲ್ಲಿ ಅದೇ ಕಂಪನಿಯ ಯುಜೀನ್ ಪಾಲಿ ಎಂಬಾತ ತಂತಿ ಕಿತ್ತು, ಪಿಸ್ತೂಲಿನ ಆಕಾರದ ಟಾರ್ಚು ಮಾಡಿದ. ಪರದೆಯ ನಾಲ್ಕು ಮೂಲೆಯಲ್ಲಿ ಬೆಳಕು ಗ್ರಹಿಸುವ ಕಣ್ಣುಗಳು, ಒಂದೊಂದು ಮೂಲೆಗೆ ಬೆಳಕು ಬಿಟ್ಟರೆ ಒಂದೊಂದು ಕೆಲಸ. ತೊಂದರೆಯೆಂದರೆ, ಕಿಟಕಿಯಿಂದ ಬಿಸಿಲು ಬಿದ್ದರೂ ಟಿ.ವಿ. ಅದನ್ನು ಯಜಮಾನನ ಅಪ್ಪಣೆಯೆಂದೇ ತಿಳಿಯುತ್ತಿತ್ತು.

ಮರುವರ್ಷ, 1956ರಲ್ಲಿ, ವಿಯೆನ್ನಾದಿಂದ ಹೋಗಿ ಅಲ್ಲಿ ನೆಲೆಸಿದ್ದ ರಾಬರ್ಟ್ ಆಡ್ಲರ್ ಬೇರೆ ದಾರಿ ಹಿಡಿದ. ರಿಮೋಟಿನೊಳಗೆ ನಾಲ್ಕು ಅಲ್ಯೂಮಿನಿಯಂ ಕಡ್ಡಿ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆ ಕಡ್ಡಿಗೆ ಬಡಿದು, ನಮ್ಮ ಕಿವಿಗೆ ಕೇಳಿಸದಷ್ಟು ಏರುದನಿಯ ನಾದ ಹೊರಡುತ್ತಿತ್ತು. ನಮ್ಮ ಜಲತರಂಗದ ಬಟ್ಟಲಿನ ಹಾಗೆ, ಒಂದೊಂದು ಕಡ್ಡಿಗೆ ಒಂದೊಂದು ಶ್ರುತಿ. ಅದಕ್ಕೆ ಬ್ಯಾಟರಿಯೇ ಬೇಕಿರಲಿಲ್ಲ. ಈ ನಾದದ ಕಾಲ ಸುಮಾರು ಇಪ್ಪತ್ತೈದು ವರ್ಷ ನಡೆಯಿತು. ಆಮೇಲೆ ಬಂದದ್ದು ಇಂದಿಗೂ ನಾವು ಬಳಸುವ, ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಪಾಲಿ, ಆಡ್ಲರ್ ಇಬ್ಬರಿಗೂ 1997ರಲ್ಲಿ ಎಮಿ ಪ್ರಶಸ್ತಿ ಸಂದಿತು.

ನಮ್ಮ ಕಡೆ ಈ ಗಡಿಬಿಡಿ ತಡವಾಗಿ ಬಂತು. ಬೆಂಗಳೂರು ದೂರದರ್ಶನ ಶುರುವಾದದ್ದೇ 1981ರಲ್ಲಿ. ಒಂದೇ ಚಾನೆಲ್ ಇದ್ದ ಕಾಲಕ್ಕೆ ಬದಲಾಯಿಸುವುದೆಲ್ಲಿಗೆ? ಟಿ.ವಿ.ಯ ಮರದ ಬಾಗಿಲು ಸರಿಸಿ, ಕಟಕ್ಕೆಂದು ತಿರುಪು ತಿರುಗಿಸಿದರೆ ಮುಗಿಯಿತು. 1990ರ ದಶಕದಲ್ಲಿ ಕೇಬಲ್ ಬಂತು, 1994ರಲ್ಲಿ ಉದಯ ಟಿ.ವಿ. ಬಂತು. ಆಗಲೇ ರಿಮೋಟಿಗೂ ಬೆಲೆ, ಅದಕ್ಕಾಗಿ ಜಗಳಕ್ಕೂ ಬೆಲೆ.

ಅಷ್ಟರಲ್ಲಿ ಅಮೆರಿಕದ ಮನೆಗಳಲ್ಲಿ ಟಿ.ವಿ.ಗೊಂದು, ಟೇಪಿಗೊಂದು, ಕೇಬಲ್ ಡಬ್ಬಿಗೊಂದು ರಿಮೋಟು ಸೇರಿ ಮೇಜು ತುಂಬಿಹೋಗಿತ್ತು. ಎಲ್ಲಕ್ಕೂ ಒಂದೇ ಸಾಕೆಂದು ಹೊರಟವರಲ್ಲಿ ಆಪಲ್ ಕಂಪ್ಯೂಟರು ಮಾಡಿದ ಸ್ಟೀವ್ ವೋಜ್ನಿಯಾಕ್ ಒಬ್ಬ. 1987ರಲ್ಲಿ ಅವನ ಹೊಸ ಕಂಪನಿ ‘ಕೋರ್’ ಎಂಬ ರಿಮೋಟು ತಂದಿತು. ಬೇರೆ ರಿಮೋಟಿನ ಸಂಜ್ಞೆಯನ್ನು ಇದು ಕೇಳಿ ಕಲಿಯುತ್ತಿತ್ತು. ಮನೆಯ ಕಂಪ್ಯೂಟರಿಗೆ ಜೋಡಿಸಿ ಅದಕ್ಕೆ ಪಾಠ ಹೇಳಲೂ ಬರುತ್ತಿತ್ತು. ಆದರೆ ಬ್ಯಾಟರಿ ತೀರಿದರೆ ಕಲಿತದ್ದೆಲ್ಲ ಮರೆತುಹೋಗುತ್ತಿತ್ತು. ಹೆಚ್ಚು ಜನರ ಕೈಗೆ ಹೋದದ್ದು ಇನ್ನೊಂದು ಬಗೆ. 1986ರಲ್ಲಿ ಓಹಾಯೋದಲ್ಲಿ ಹುಟ್ಟಿದ ಯುನಿವರ್ಸಲ್ ಎಲೆಕ್ಟ್ರಾನಿಕ್ಸ್ ಕಂಪನಿಯ ‘ಒನ್ ಫಾರ್ ಆಲ್’ ರಿಮೋಟಿನೊಳಗೆ ನೂರಾರು ಟಿ.ವಿ.ಗಳ ಭಾಷೆಯನ್ನು ಮೊದಲೇ ತುಂಬಿರುತ್ತಿದ್ದರು. ಜೊತೆಗೊಂದು ಪುಸ್ತಿಕೆ. ನಿಮ್ಮ ಟಿ.ವಿ.ಯ ಹೆಸರಿನ ಮುಂದಿರುವ ಸಂಖ್ಯೆ ಒತ್ತಿದರಾಯಿತು.

ಪುಸ್ತಿಕೆಯಲ್ಲಿ ನಿಮ್ಮ ಡಬ್ಬಿಯ ಹೆಸರೇ ಇಲ್ಲದಿದ್ದರೆ? ಅಲ್ಲಿಂದಲೇ ಈ ಕೇಬಲ್ಲಿನ ಕತೆ ಶುರು.

ಆ ರಿಮೋಟುಗಳ ಬ್ಯಾಟರಿ ಗೂಡಿನಲ್ಲಿ, ಸಾಲಿಗೆ ಮೂರರಂತೆ, ಆರು ಸಣ್ಣ ಲೋಹದ ಕಡ್ಡಿಗಳಿರುತ್ತಿದ್ದವು. ಒಳಗಿನ ಹಲಗೆಯ ಮೇಲೆ ಅವುಗಳ ಪಕ್ಕ ‘ಜೆ.ಪಿ.1’ ಎಂದು ಅಚ್ಚಾಗಿತ್ತು. ಕೊಂಡವರಿಗೆ ಅವುಗಳ ವಿಷಯ ಯಾರೂ ಹೇಳಿರಲಿಲ್ಲ. ಹೊಸ ಸಂಕೇತ ತುಂಬಲು ಕಂಪನಿಯವರು ತಮ್ಮ ಅನುಕೂಲಕ್ಕೆಂದು ಇಟ್ಟುಕೊಂಡ ಹಿಂಬಾಗಿಲು ಅದು. 2000ದ ಆಸುಪಾಸಿನಲ್ಲಿ ಕೆಲವು ಹವ್ಯಾಸಿಗಳು ಆ ಬಾಗಿಲು ತಟ್ಟಿದರು. ಕಂಪ್ಯೂಟರಿಗೆ ಪ್ರಿಂಟರು ಸಿಕ್ಕಿಸುವ ಇಪ್ಪತ್ತೈದು ತೂತಿನ ಉದ್ದ ಕಿಂಡಿಯಿಂದ ನಾಲ್ಕಾರು ತಂತಿ ಎಳೆದು ಈ ಕಡ್ಡಿಗಳಿಗೆ ಮುಟ್ಟಿಸಿದರು. ಒಂದು ತಂತಿಯಲ್ಲಿ ಅಕ್ಷರ ಹೋಗಬೇಕು, ಇನ್ನೊಂದು ಅದಕ್ಕೆ ತಾಳ ಹಾಕಬೇಕು, ಮತ್ತೊಂದು ರಿಮೋಟಿನ ಸ್ವಂತ ಮಿದುಳನ್ನು ಅಷ್ಟು ಹೊತ್ತು ಸುಮ್ಮನಿರಿಸಬೇಕು. ಒಳಗಿನ ನೆನಪಿನ ಚಿಪ್ಪು ಒಂದೆರಡು ಕಿಲೋಬೈಟಿನದು. ಈ ಲೇಖನದ ಎರಡು ಪ್ಯಾರಾ ಸಹ ಅದರಲ್ಲಿ ಹಿಡಿಸದು. ಅದನ್ನು ಓದುವುದನ್ನು ಕಲಿತರು, ಆಮೇಲೆ ಬರೆಯುವುದನ್ನು ಕಲಿತರು. ಕೇಬಲ್ಲಿನ ನಕ್ಷೆಯನ್ನೂ ಕಂಪ್ಯೂಟರಿನ ಪ್ರೋಗ್ರಾಮನ್ನೂ ಬೇಕಾದವರಿಗೆಲ್ಲ ಪುಕ್ಕಟೆಯಾಗಿ ಕೊಟ್ಟರು.

2004ರಲ್ಲಿ ಮಗಳು ಇದನ್ನು ತೋರಿಸಿದಾಗ ನನಗೆ ನೆನಪಾದದ್ದು ರವಿಕೆ. ಒಳ್ಳೆಯ ದರ್ಜಿ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾನಲ್ಲ? ಹೊರಗಿನವರಿಗೆ ಅದು ಕಾಣದು. ಮೈ ಬದಲಾದಾಗ ಬಿಚ್ಚಿ ಸಡಿಲ ಮಾಡಿಕೊಳ್ಳಬಹುದು. ಹೆರಿಗೆಯಾದ ಮೇಲೆ ಆ ಅರ್ಧ ಅಂಗುಲ ಎಷ್ಟು ದೊಡ್ಡದೆಂದು ನಮಗೆ ಗೊತ್ತು. ಆ ಆರು ಕಡ್ಡಿಗಳು ರಿಮೋಟಿನ ಒಳಹೊಲಿಗೆ.

ಈಗ 2009ಕ್ಕೆ ಬರೋಣ. ಮಗಳು ತಂದ ಲ್ಯಾಪ್‌ಟಾಪಿನಲ್ಲಿ ಪ್ರಿಂಟರಿನ ಕಿಂಡಿಯೇ ಇರಲಿಲ್ಲ. ಕ್ರೋಶಾ ಹೊದಿಕೆಯ ಕೆಳಗೆ ನಿದ್ದೆ ಮಾಡುತ್ತಿದ್ದ ನಮ್ಮ ಹಳೆಯ ಕಂಪ್ಯೂಟರು ಕೆಲಸಕ್ಕೆ ಬಂತು. ಅವಳು ಬೆಸುಗೆ ಹಾಕಿದಳು, ನಾನು ತಂತಿ ಹಿಡಿದೆ. ಎಲ್ಲ ಜೋಡಿಸಿದರೆ ಕಂಪ್ಯೂಟರು ‘ರಿಮೋಟು ಕಾಣುತ್ತಿಲ್ಲ’ ಎಂದಿತು. ನಕ್ಷೆ ನೋಡಿದಳು, ಮತ್ತೆ ನೋಡಿದಳು, ಮುಖ ಸಪ್ಪಗಾಯಿತು. ನಾನು ಕನ್ನಡಕ ಏರಿಸಿ ಕೇಬಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಸೂತಿ ಹಾಕಿದ ಕಣ್ಣು ನೋಡಿ! ಎರಡು ಬೆಸುಗೆಗಳ ನಡುವೆ ಕೂದಲೆಳೆಯಷ್ಟು ಸೀಸ ಹರಿದು ಒಂದಕ್ಕೊಂದು ಅಂಟಿಕೊಂಡಿತ್ತು. ‘ಇಲ್ಲಿ ಎರಡು ಎಳೆ ಸೇರಿದೆ ಕಣೇ’ ಎಂದೆ. ಬಿಡಿಸಿದ ಕೂಡಲೇ ಪರದೆಯ ತುಂಬ ಅಂಕಿಗಳ ಸಾಲು ಬಂತು.

ನಮ್ಮ ಡಬ್ಬಿಯ ಭಾಷೆ ಆ ಅಮೆರಿಕದ ರಿಮೋಟಿಗೆ ಗೊತ್ತಿರಲಿಲ್ಲ. ಅದು ಕೇಳಿ ಕಲಿಯುವ ಜಾತಿಯದಾದ್ದರಿಂದ ಎರಡನ್ನೂ ಮುಖಾಮುಖಿ ಇಟ್ಟು, ಹಳೆಯದರ ಗುಂಡಿಗಳನ್ನು ಒಂದೊಂದಾಗಿ ಒತ್ತಿದಳು. ಗುಂಡಿ ಒತ್ತಿದಾಗ ಹೊರಡುವುದು ತಂತಿ ಕಚೇರಿಯ ಕಟ್ಟು-ಕಡದಂಥ ಮಿಣುಕು. ಬೆಳಕು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿಡಿಯುತ್ತದೆ. ಆ ಮಿಡಿತದ ತುಂಡುಗಳ ನಡುವಿನ ಮೌನ ಉದ್ದವೋ ಗಿಡ್ಡವೋ ಎಂಬುದೇ ಅಕ್ಷರ. ಬಹಳ ಕಡೆ ಬಳಕೆಯಲ್ಲಿರುವ ಜಪಾನಿನ ಎನ್.ಇ.ಸಿ. ಪದ್ಧತಿಯಲ್ಲಿ ಒಂದು ಅಪ್ಪಣೆಗೆ ಇಂಥ 32 ಅಕ್ಷರ. ಯಾವ ಯಂತ್ರಕ್ಕೆ, ಯಾವ ಕೆಲಸ ಎಂಬುದನ್ನು ಒಮ್ಮೆ ಸುಲ್ಟಾ, ಒಮ್ಮೆ ಉಲ್ಟಾ ಹೇಳಿ ತಪ್ಪಿಲ್ಲವೆಂದು ಖಚಿತ ಮಾಡಿಕೊಳ್ಳುತ್ತದೆ. ಇದನ್ನು ನೋಡಬೇಕೆಂದರೆ ಮೊಬೈಲಿನ ಕ್ಯಾಮರಾ ತೆರೆದು ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ ಬೆಳಕು ಹಲವು ಫೋನುಗಳಲ್ಲಿ ನಸುನೇರಳೆಯಾಗಿ ಮಿನುಗುತ್ತದೆ. ರಿಮೋಟು ಕೆಟ್ಟಿದೆಯೋ ಟಿ.ವಿ. ಕೆಟ್ಟಿದೆಯೋ ತಿಳಿಯಲೂ ಇದು ಒಳ್ಳೆಯ ಉಪಾಯ.

ಆಮೇಲೆ ಮಗಳು ಅಪ್ಪನ ಪಕ್ಕ ಕೂತು ಕೇಳಿದಳು, ‘ಏನೇನು ಬೇಕಪ್ಪಾ?’ ಅಷ್ಟು ತಿಂಗಳಲ್ಲಿ ಅವರನ್ನು ಹಾಗೆ ಕೇಳಿದವರೇ ಇರಲಿಲ್ಲ. ನಾನೂ ಕೇಳಿರಲಿಲ್ಲ. ಔಷಧಿ, ಗಂಜಿ, ಸ್ನಾನ ಎಲ್ಲ ನಮ್ಮ ನಿರ್ಧಾರವೇ. ಅವರು ತೊದಲುತ್ತ ಹೇಳಿದ್ದು: ವಾರ್ತೆ, ಕ್ರಿಕೆಟ್, ಹಳೆಯ ಸಿನಿಮಾ. ಧ್ವನಿ ಏರಿಸುವುದು, ಇಳಿಸುವುದು. ಇನ್ನೊಂದು, ಟಿ.ವಿ. ಡಬ್ಬಿ ಎರಡೂ ಒಟ್ಟಿಗೆ ಹತ್ತುವ, ಆರುವ ಗುಂಡಿ. ಒಟ್ಟು ಆರು. ವಾರ್ತೆಯ ಗುಂಡಿ ಒಂದು ಸಲ ಒತ್ತಿದರೆ ಚಾನೆಲಿನ ಮೂರು ಅಂಕಿಗಳು ತಾವಾಗಿ ಸಾಲಾಗಿ ಹೋಗುವಂತೆ ಬರೆದಳು. ಉಳಿದ ಗುಂಡಿಗಳಿಗೆ ಏನೂ ಕೆಲಸವಿಲ್ಲದಂತೆ ಮಾಡಿದಳು. ತಪ್ಪು ಒತ್ತಿದರೂ ಪರದೆ ನೀಲಿಯಾಗುವುದಿಲ್ಲ. ನಾನು ಬಣ್ಣಬಣ್ಣದ ರವಿಕೆ ತುಂಡು ಕತ್ತರಿಸಿ ಆರು ಗುಂಡಿಗೂ ಅಂಟಿಸಿದೆ. ಓದಲು ಬಾರದಿದ್ದರೂ ಕೆಂಪು ಹಸಿರು ತಿಳಿಯುತ್ತಿತ್ತು.

ಎಡಗೈ ಹೆಬ್ಬೆರಳಿನಿಂದ ಅವರು ಕೆಂಪು ಗುಂಡಿ ಒತ್ತಿದಾಗ ಟಿ.ವಿ. ಹತ್ತಿಕೊಂಡಿತು. ಯಾರೂ ಮಾತಾಡಲಿಲ್ಲ.

ಒಂದು ವಾರದ ಮೇಲೆ ನನ್ನ ಧಾರಾವಾಹಿಯಲ್ಲಿ ಮುಖ್ಯವಾದ ಘಟ್ಟ. ತಟ್ಟನೆ ವಾರ್ತೆ ಬಂತು. ತಿರುಗಿ ನೋಡಿದೆ. ರಿಮೋಟು ಅವರ ಮಡಿಲಲ್ಲಿ, ಸೊಟ್ಟಗಾದ ತುಟಿಯಲ್ಲಿ ತುಂಟತನ. ನಾನು ಜೋರಾಗಿ ಬೈದೆ, ಲಕ್ವ ಹೊಡೆದ ಮೇಲೆ ಅದೇ ಮೊದಲ ಜಗಳ. ಅಡಿಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಪಾಠ ಹೇಳುವಾಗ ನಾನು ಯಾರು ಆಳಿದರು ಎಂದು ಬರೆಸುತ್ತಿದ್ದೆ. ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟುಕೊಳ್ಳದೆ, ಒಳಗಿನ ಅಂಚು ಬಿಚ್ಚಿ ತಮ್ಮ ಅಳತೆಗೆ ಹೊಲಿದುಕೊಂಡವರ ಚರಿತ್ರೆ ಪಠ್ಯದಲ್ಲಿ ಇರಲಿಲ್ಲ. ಹೆಂಗಸರಾದ ನಮಗೆ ಆ ವಿದ್ಯೆ ಹೊಸತೇನಲ್ಲ. ಯಂತ್ರದ ಮುಂದೆ ಮಾತ್ರ ಅದನ್ನು ಮರೆತು ‘ನಮಗಿದು ತಿಳಿಯದು’ ಎಂದು ಕೈ ಕಟ್ಟಿಕೊಳ್ಳುತ್ತೇವೆ.

ನಮ್ಮವರು 2014ರಲ್ಲಿ ಹೋದರು. ಆಮೇಲೆ ಡಬ್ಬಿ ಬದಲಾಯಿತು, ಟಿ.ವಿ.ಯೂ ಬದಲಾಯಿತು. ಆ ರಿಮೋಟಿಗೆ ಈಗ ಮಾತಾಡಲು ಯಾರೂ ಇಲ್ಲ. ಬ್ಯಾಟರಿ ಸೋರೀತೆಂದು ತೆಗೆದು, ರವಿಕೆ ತುಂಡುಗಳ ಸಮೇತ ಬೀರುವಿನಲ್ಲಿಟ್ಟಿದ್ದೇನೆ. ಬ್ಯಾಟರಿ ತೆಗೆದರೆ ಬರೆದದ್ದು ಅಳಿಸಿಹೋಗುವುದಿಲ್ಲವೇ ಎಂದು ಮಗಳನ್ನು ಕೇಳಿದೆ. ಇಲ್ಲವಂತೆ. ವೋಜ್ನಿಯಾಕನ ರಿಮೋಟಿನಂತಲ್ಲ ಇದು. ಇದರೊಳಗಿನ ಚಿಪ್ಪು ವಿದ್ಯುತ್ತಿಲ್ಲದೆಯೂ ಹತ್ತಾರು ವರ್ಷ ನೆನಪಿಟ್ಟುಕೊಳ್ಳುತ್ತದಂತೆ. ವಾರ್ತೆ, ಕ್ರಿಕೆಟ್, ಹಳೆಯ ಸಿನಿಮಾ.