ಮರಳಿನ ಮೇಲೆ ಓನಾಮ

ರಾಜ್ಯೋತ್ಸವದ ಸಂಚಿಕೆಗಳಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯ, ವಿಜಯನಗರದ ವೈಭವ, ಏಕೀಕರಣದ ಹೋರಾಟ ಇವುಗಳನ್ನು ಕುರಿತ ಲೇಖನಗಳು ಬರುವುದು ವಾಡಿಕೆ. ಅವು ಬರಬೇಕಾದುವೇ ಸರಿ. ಆದರೆ ನಮ್ಮ ಹಳ್ಳಿಗಳಲ್ಲಿ ಐದು ವರ್ಷದ ಹುಡುಗನೊಬ್ಬ ಬೆಳಗಾಗೆದ್ದು ಎಲ್ಲಿಗೆ ಹೋಗುತ್ತಿದ್ದ, ಯಾರ ಮುಂದೆ ಕುಳಿತುಕೊಳ್ಳುತ್ತಿದ್ದ, ಸಂಜೆಗೆ ಏನನ್ನು ಕಲಿತು ಮನೆಗೆ ಬರುತ್ತಿದ್ದ ಎಂಬುದೂ ಚರಿತ್ರೆಯೇ. ಅದನ್ನು ತಿಳಿಯಲು ಚೆನ್ನೈಯಲ್ಲಿ ನೆಲೆಸಿರುವ ನಾವು ಬಹು ದೂರ ಹೋಗಬೇಕಾಗಿಲ್ಲ. ಎಗ್ಮೋರಿನ ಸರ್ಕಾರಿ ದಾಖಲೆಗಳ ಭಂಡಾರದಲ್ಲಿರುವ ಹಳೆಯ ರೆವಿನ್ಯೂ ಬೋರ್ಡಿನ ಕಾಗದಗಳಲ್ಲಿ ನಮ್ಮ ಬಳ್ಳಾರಿ ಸೀಮೆಯ ಶಾಲೆಗಳ ಒಂದು ಚಿತ್ರ ಅಡಗಿತ್ತು. ಧರಂಪಾಲ್ ಎಂಬ ವಿದ್ವಾಂಸರು ಅಂತಹ ಕಾಗದಗಳನ್ನು ಹುಡುಕಿ 1983ರಲ್ಲಿ ‘ದಿ ಬ್ಯೂಟಿಫುಲ್ ಟ್ರೀ’ ಎಂಬ ಗ್ರಂಥದಲ್ಲಿ ಅಚ್ಚು ಹಾಕಿಸಿದ ಮೇಲೆ ಅದು ಎಲ್ಲರ ಕೈಗೂ ಸಿಕ್ಕುವಂತಾಯಿತು.

ಮೌಂಟ್ ರೋಡಿನ ಮಗ್ಗುಲಲ್ಲಿ ಕುದುರೆಯೇರಿ ನಿಂತಿರುವ ಸರ್ ಥಾಮಸ್ ಮನ್ರೋ ಅವರ ವಿಗ್ರಹವನ್ನು ನಮ್ಮಲ್ಲಿ ನೋಡದವರಿಲ್ಲ. ಕುದುರೆಗೆ ಜೀನಿಲ್ಲ, ರಿಕಾಪು ಇಲ್ಲ ಎಂದು ಮಕ್ಕಳಿಗೆ ತೋರಿಸಿ ಮುಂದೆ ಹೋಗುತ್ತೇವೆ. ಈ ಮನ್ರೋ ಮದರಾಸಿನ ಗವರ್ನರಾಗುವುದಕ್ಕೆ ಮೊದಲು ಬಳ್ಳಾರಿ, ಅನಂತಪುರ, ಕಡಪೆಗಳನ್ನೊಳಗೊಂಡ ದತ್ತ ಮಂಡಲಗಳಲ್ಲಿ 1800ರಿಂದ 1807ರವರೆಗೆ ಕಲೆಕ್ಟರಾಗಿದ್ದವರು. ಗವರ್ನರಾದ ಮೇಲೆ, 1822ರ ಜೂನ್ 25ರಂದು, ಇಡೀ ಪ್ರಾಂತದಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ, ಏನು ಓದುತ್ತಾರೆ ಎಂಬುದರ ಲೆಕ್ಕವನ್ನು ಪ್ರತಿಯೊಬ್ಬ ಕಲೆಕ್ಟರಿಂದಲೂ ತರಿಸಬೇಕೆಂದು ಬರೆದರು. ಹಲವರು ಕೋಷ್ಟಕ ತುಂಬಿಸಿ ಕಳುಹಿಸಿ ಕೈ ತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ ಹಾಗೆ ಮಾಡಲಿಲ್ಲ. ಅವರು 1823ರ ಆಗಸ್ಟ್ 17ರಂದು ಬರೆದ ಪತ್ರವನ್ನು ಓದಿದರೆ ಶಾಲೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿದಂತಾಗುತ್ತದೆ.

ಮೊದಲು ಲೆಕ್ಕವನ್ನೇ ನೋಡೋಣ. ಬ್ಯಾಂಕಿನಲ್ಲಿ ಲೆಕ್ಕ ಬರೆದು ಬದುಕುವ ನಮಗೆ ಅಂಕಿಗಳ ಮೇಲೆ ಕಣ್ಣು ಬೇಗ ಬೀಳುತ್ತದೆ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರದ ಸೀಮೆಯೂ ಸೇರಿತ್ತು. ಜನಸಂಖ್ಯೆ 9,27,857, ಶಾಲೆಗಳು 533, ಓದುವ ಮಕ್ಕಳು 6,641. ಎಂದರೆ ಒಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಉಳಿದ 23 ಬ್ರಾಹ್ಮಣರ ಸಂಸ್ಕೃತ ಪಾಠಶಾಲೆಗಳು. ಸೇರಿಸಿ ನೋಡಿದರೆ ಮೊತ್ತ ಸರಿಯಾಗಿ ತಾಳೆಯಾಗುತ್ತದೆ. ಗಡಿಸೀಮೆಯಲ್ಲಿ ಯಾವ ಮನೆಯವರಿಗೆ ಯಾವ ಭಾಷೆ ಬೇಕೋ ಆ ಭಾಷೆಯ ಶಾಲೆ ತಾನಾಗಿಯೇ ಹುಟ್ಟಿಕೊಂಡಿತ್ತು. 1953ರಲ್ಲಿ ಆಂಧ್ರ ರಾಜ್ಯ ಬೇರೆಯಾಗಿ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿದಾಗ ನಡೆದ ವಾದವಿವಾದಗಳನ್ನು ಬಲ್ಲ ಹಿರಿಯರು ಈ 235 ಮತ್ತು 226ರ ಅಂಕಿಗಳನ್ನು ಕಂಡು ತಲೆದೂಗಿಯಾರು.

ಇಂತಹ ಶಾಲೆಗಳಿಗೆ ಕನ್ನಡನಾಡಿನಲ್ಲಿ ಒಂದೊಂದು ಕಡೆ ಒಂದೊಂದು ಹೆಸರು. ಮೈಸೂರು ಸೀಮೆಯಲ್ಲಿ ಕೂಲಿಮಠ, ಉತ್ತರದಲ್ಲಿ ಗಾಂವಠಿ ಶಾಲೆ; ಅಯ್ಯಗಳ ಮಠವೆಂದೂ ಕರೆಯುತ್ತಿದ್ದರು. ತಂದೆತಾಯಿಗಳು ಕೊಡುವ ಕೂಲಿಯಿಂದ ನಡೆಯುವ ಮಠವಾದ್ದರಿಂದ ಕೂಲಿಮಠ. ಹೆಸರಿನಲ್ಲಿ ಯಾವ ಮುಚ್ಚುಮರೆಯೂ ಇಲ್ಲ.

ಹುಡುಗನಿಗೆ ಐದು ತುಂಬಿದೊಡನೆ ಶಾಲೆಯ ಅಯ್ಯನವರನ್ನೂ ಅಲ್ಲಿ ಓದುವ ಮಕ್ಕಳೆಲ್ಲರನ್ನೂ ಮನೆಗೆ ಕರೆಯುತ್ತಿದ್ದರೆಂದು ಕ್ಯಾಂಪ್‌ಬೆಲ್ ಬರೆಯುತ್ತಾರೆ. ಗಣಪತಿಯನ್ನಿಟ್ಟು ಸುತ್ತಲೂ ಎಲ್ಲರೂ ಕುಳಿತುಕೊಳ್ಳುವರು. ಹೊಸ ಹುಡುಗ ಗಣಪತಿಗೆ ಎದುರಾಗಿ. ಧೂಪ ನೈವೇದ್ಯಗಳಾದ ಮೇಲೆ ಅಯ್ಯನವರು ಅವನ ಬಾಯಲ್ಲಿ ಪ್ರಾರ್ಥನೆ ಹೇಳಿಸಿ, ಅವನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಸುವರು. ಯಥಾಶಕ್ತಿ ಕಾಣಿಕೆ ಪಡೆದು ಅವರು ಹೊರಟರೆ, ಮರುದಿನ ಬೆಳಿಗ್ಗೆ ಹುಡುಗ ಶಾಲೆಗೆ ಹಾಜರು. ಶಾಲೆಗೆ ಹುಡುಗ ಹೋಗುವುದಕ್ಕೆ ಮೊದಲು ಶಾಲೆಯೇ ಹುಡುಗನ ಮನೆಗೆ ಬರುತ್ತಿತ್ತು. ಅರ್ಜಿ ಹಿಡಿದು ಸಾಲಿನಲ್ಲಿ ನಿಂತು, ಮೂರು ವರ್ಷದ ಕೂಸಿನ ಜೊತೆಗೆ ನಾವೂ ಪರೀಕ್ಷೆಗೆ ಕುಳಿತು ಬರುವ ನಮಗೆ ಈ ಕ್ರಮ ಹೊಟ್ಟೆಕಿಚ್ಚು ತರಿಸಿದರೆ ಆಶ್ಚರ್ಯವಿಲ್ಲ.

ಶಾಲೆ ಬೆಳಿಗ್ಗೆ ಆರಕ್ಕೆ ತೆರೆಯುತ್ತಿತ್ತು. ಮೊದಲು ಬಂದ ಹುಡುಗನ ಅಂಗೈಮೇಲೆ ಸರಸ್ವತಿಯ ಹೆಸರು ಬರೆಯುವರು, ಅದು ಮರ್ಯಾದೆ. ಎರಡನೆಯವನ ಕೈಮೇಲೆ ಒಂದು ಸೊನ್ನೆ; ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬರಬರುತ್ತ ಏರುತ್ತ ಹೋಗುವುದು. ಹನ್ನೆರಡು ಹುಡುಗರ ಶಾಲೆಯಲ್ಲಿ ಕೊನೆಯವನಿಗೆ ಹತ್ತು ಏಟು! ಕೂಡುವ ಲೆಕ್ಕವನ್ನು ಆ ಹುಡುಗರು ಮೊದಲು ಕಲಿತದ್ದು ಇಲ್ಲಿಯೇ ಇರಬೇಕು. ಸೋಮಾರಿಗಳಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆಗಳಿದ್ದವು: ಎರಡು ಕೈಗಳನ್ನೂ ಕಟ್ಟಿ ಸೂರಿನ ರಾಟೆಗೆ ತೂಗಹಾಕುವುದು, ಮಂಡಿಯೂರಿ ಎದ್ದು ಮತ್ತೆ ಮಂಡಿಯೂರಿಸುವುದು. ಎರಡನೆಯದು ನೋವಿನದಾದರೂ ದೇಹಕ್ಕೆ ಹಿತವಾಗಿರಬಹುದೆಂದು ಕಲೆಕ್ಟರ್ ಸಾಹೇಬರು ಸೇರಿಸುತ್ತಾರೆ. ಆ ಮಾತನ್ನು ಅವರು ತಾವೇ ಮಂಡಿಯೂರಿ ನೋಡಿ ಬರೆದದ್ದಲ್ಲವೆಂಬುದು ಸ್ಪಷ್ಟ.

ವಾರವೆಂಬುದು ಆ ಶಾಲೆಗಳಿಗೆ ಇರಲಿಲ್ಲ. ಹಳೆಯ ಮಠಗಳಲ್ಲಿ ರಜೆ ಬರುತ್ತಿದ್ದುದು ಅಮಾವಾಸ್ಯೆ ಹುಣ್ಣಿಮೆಗಳಿಗೆ. ಭಾನುವಾರದ ರಜೆ ಸರ್ಕಾರಿ ಶಾಲೆಯ ಗಂಟೆಯೊಡನೆ ಬಂದದ್ದು. ಬಡ ವಿದ್ಯಾರ್ಥಿಗೆ ವಾರವಿದ್ದದ್ದು ಊಟದಲ್ಲಿ ಮಾತ್ರ: ಇಂದು ಈ ಮನೆ, ನಾಳೆ ಆ ಮನೆ ಎಂದು ವಾರಾನ್ನ ಮಾಡಿಕೊಂಡು ಓದಿದವರು ನಮ್ಮ ಅಜ್ಜಂದಿರ ಪೀಳಿಗೆಯಲ್ಲಿಯೂ ಇದ್ದರು. ವರ್ಷದ ದೊಡ್ಡ ಸಂಭ್ರಮವೆಂದರೆ ಮಹಾನವಮಿ. ಆಗ ಮೈಸೂರು ಸೀಮೆಯ ಕೂಲಿಮಠದ ಹುಡುಗರು ಅಯ್ಯನವರ ಹಿಂದೆ ಮನೆಮನೆಗೆ ಹೋಗಿ ಚೌಪದಗಳನ್ನು ಹಾಡಿ, ಯಜಮಾನನನ್ನು ಹರಸಿ, ಅಯ್ಯನವರಿಗೆ ಕಾಣಿಕೆಯನ್ನೂ ತಮಗೆ ತಿಂಡಿಯನ್ನೂ ಸಂಪಾದಿಸಿ ತರುತ್ತಿದ್ದರು.

ಇನ್ನು ಪಾಠದ ಕ್ರಮ. ಮಕ್ಕಳಲ್ಲಿ ಸಾಮಾನ್ಯವಾಗಿ ನಾಲ್ಕು ತರಗತಿಗಳು. ಮೇಲಿನವರನ್ನು ಅಯ್ಯನವರು ತಾವೇ ನೋಡಿಕೊಂಡರೆ, ಕೆಳಗಿನವರನ್ನು ಮುಂದುವರಿದ ಹುಡುಗರು ನೋಡಿಕೊಳ್ಳುವರು. ಒಂದು ತರಗತಿಯಿಂದ ಇನ್ನೊಂದಕ್ಕೆ ಏರಲು ವರ್ಷ ಮುಗಿಯಬೇಕೆಂಬ ನಿಯಮವಿಲ್ಲ, ಯಾರಿಗೆ ಬಂದಿತೋ ಅವರು ಏರುವರು. ಅಕ್ಷರವನ್ನು ಬಾಯಲ್ಲಿ ಹೇಳಿಸಿ ಕಲಿಸುವ ಪದ್ಧತಿಯಲ್ಲ. ನೆಲದಲ್ಲಿ ಮರಳು ಹರವಿ ಬೆರಳಿನಿಂದ ಬರೆಯಿಸಿ ಕಲಿಸುವುದು. ತಪ್ಪಿದರೆ ಅಂಗೈಯಿಂದ ಸವರಿದರಾಯಿತು, ಕಾಗದವೂ ಹಾಳಿಲ್ಲ, ಕಾಸೂ ಹಾಳಿಲ್ಲ. ಕೈ ಕುದುರಿದ ಮೇಲೆ ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದಲೋ, ಕಾಗದದ ಮೇಲೆ ಲಾಳದ ಕಡ್ಡಿಯಿಂದಲೋ, ಹಲಿಗೆಯ ಮೇಲೆ ಇಲ್ಲವೇ ಕಡತದ ಮೇಲೆ ಬಳಪದಿಂದಲೋ ಬರೆಯುವ ಅಧಿಕಾರ ಬರುವುದು. ಬಳ್ಳಾರಿ ಸೀಮೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದುವು ಹಲಿಗೆ, ಕಡತಗಳೇ. ಹಲಿಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ನಯವಾದ ಮರದ ತುಂಡು. ಅದಕ್ಕೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿಯುವರು. ಕಡತವೆಂದರೆ ಬಟ್ಟೆ: ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಕೆ ಮಡಿಕೆಯಾಗಿ ಮಡಿಸಿ, ಇದ್ದಿಲು ಮತ್ತು ಅಂಟುಗಳನ್ನು ಬಳಿದು ಕಪ್ಪಾಗಿಸಿದ ಬಟ್ಟೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಬರೆದದ್ದು ಮಾಯ. ಕಚೇರಿಯಲ್ಲಿ ದಿನವೂ ‘ಕಡತ ವಿಲೇವಾರಿ’ ಎಂಬ ಮಾತನ್ನು ಕೇಳುವ ನಾವು ಆ ಶಬ್ದ ಇಂತಹ ಕಪ್ಪು ಬಟ್ಟೆಯಿಂದ ಬಂದದ್ದೆಂದು ನೆನೆಯುವುದಿಲ್ಲ. ಕಾಗದದ ಕಡತವೂ ಹೋಗಿ ಗಣಕಯಂತ್ರ ಬಂದಿದೆ. ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಅಕ್ಷರ, ಕಾಗುಣಿತ, ಒತ್ತಕ್ಷರಗಳಾದ ಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು, ಆಮೇಲೆ ಅಂಕಿ. ಕೂಡುವ ಕಳೆಯುವ ಲೆಕ್ಕಗಳಿಗಿಂತ ಹೆಚ್ಚಿನ ಶ್ರಮವನ್ನು ಭಿನ್ನರಾಶಿಗೆ ತೆಗೆದುಕೊಳ್ಳುತ್ತಿದ್ದರು. ಆ ಭಿನ್ನಗಳು ಇಂದಿನಂತೆ ಹತ್ತರಿಂದ ಇಳಿಯುವುದಿಲ್ಲ, ನಾಲ್ಕರಿಂದ ಇಳಿಯುತ್ತವೆ. ಒಂದರ ನಾಲ್ಕನೆಯ ಒಂದು ಪಾಲು ಕಾಲು. ಕಾಲಿನ ಕಾಲು ವೀಸ. ವೀಸದ ಕಾಲು ಕಾಣಿ. ರೂಪಾಯಿಗೆ ಹದಿನಾರಾಣೆ, ಅರವತ್ತನಾಲ್ಕು ಪೈಸೆ ಇದ್ದ ಕಾಲದಲ್ಲಿ ರೂಪಾಯಿಯ ವೀಸವೇ ಆಣೆ, ರೂಪಾಯಿಯ ಕಾಣಿಯೇ ಪೈಸೆ. ಹೀಗಾಗಿ ಶಾಲೆಯ ಮಗ್ಗಿಗೂ ಸಂತೆಯ ಲೆಕ್ಕಕ್ಕೂ ನಡುವೆ ಗೋಡೆಯಿರಲಿಲ್ಲ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದ ಮೇಲೆ ಈ ಲೆಕ್ಕಕ್ಕೆ ಅನ್ನ ಹಾಕುವವರಿಲ್ಲವಾಯಿತು. ಮಗ್ಗಿಗಳು, ಭಿನ್ನರಾಶಿಗಳು, ಅಳತೆ ತೂಕಗಳ ಕೋಷ್ಟಕಗಳು ಇವನ್ನೆಲ್ಲ ದಿನಕ್ಕೆರಡು ಸಲ ಮಕ್ಕಳು ಸಾಲಾಗಿ ನಿಂತು, ಒಬ್ಬ ದೊಡ್ಡ ಹುಡುಗ ಹೇಳಿಕೊಟ್ಟಂತೆ, ಒಕ್ಕೊರಲಿನಿಂದ ಹೇಳಬೇಕು. ಕೊನೆಗೆ ಬರುವ ಪಾಠ ನಮಗೆ ಬಹಳ ಮೆಚ್ಚಿಕೆಯಾದದ್ದು: ಅಯ್ಯನವರು ಅಲ್ಲಿಂದ ಇಲ್ಲಿಂದ ನಾನಾ ಕೈಬರಹದ ಕಾಗದಗಳನ್ನು ಕೂಡಿಹಾಕಿ ಮಕ್ಕಳಿಂದ ಓದಿಸುವರು, ಪತ್ರ ಬರೆಯುವುದನ್ನೂ ಕರಾರುಪತ್ರ ಬರೆಯುವುದನ್ನೂ ಕಲಿಸುವರು. ಎಂತಹ ಗೀಚು ಬರಹದ ಸಹಿಯನ್ನೂ ಗುರುತಿಸಬೇಕಾದ ನಮ್ಮ ಉದ್ಯೋಗಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಇಲ್ಲ.

ದೊಡ್ಡವರು ಚಿಕ್ಕವರಿಗೆ ಕಲಿಸುತ್ತ ತಾವೂ ಗಟ್ಟಿಮಾಡಿಕೊಳ್ಳುವ ಈ ಏರ್ಪಾಡನ್ನು ಕ್ಯಾಂಪ್‌ಬೆಲ್ ಮನಸಾರೆ ಹೊಗಳುತ್ತಾರೆ. ಇಂಗ್ಲೆಂಡಿನಲ್ಲಿ ಅದನ್ನು ಅನುಕರಿಸಿದ್ದು ಯೋಗ್ಯವೇ ಆಯಿತು ಎನ್ನುತ್ತಾರೆ. ಆ ಅನುಕರಣೆ ಹುಟ್ಟಿದ್ದು ಈ ಊರಿನಲ್ಲೇ, ಅದೇ ಎಗ್ಮೋರಿನಲ್ಲಿ. ಈಗ ರೈಲು ನಿಲ್ದಾಣವಿರುವಲ್ಲಿ ಹಿಂದೆ ಕಂಪನಿಯವರದೊಂದು ಚಿಕ್ಕ ಕೋಟೆಯಿತ್ತು. ಅದರಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮವಿತ್ತು. ಅದರ ಮೇಲ್ವಿಚಾರಕರಾಗಿ 1789ರಲ್ಲಿ ಬಂದ ಪಾದ್ರಿ ಆಂಡ್ರೂ ಬೆಲ್, ಈ ನಾಡಿನ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತಮ್ಮ ಶಾಲೆಯಲ್ಲಿಯೂ ಹಾಗೆ ಮಾಡಿಸಬೇಕೆಂದರು. ಉಪಾಧ್ಯಾಯರು ಒಪ್ಪಲಿಲ್ಲ. ಆಗ ಬೆಲ್ ಎಂಟು ವರ್ಷದ ಜಾನ್ ಫ್ರಿಸ್ಕಿನ್ ಎಂಬ ಹುಡುಗನನ್ನೇ ಚಿಕ್ಕವರ ಮುಂದೆ ಕೂರಿಸಿದರು, ಕೆಲಸ ಸಾಗಿತು. 1797ರಲ್ಲಿ ಲಂಡನ್ನಿನಲ್ಲಿ ಅವರ ಪುಸ್ತಕ ಅಚ್ಚಾಗಿ, ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಈ ಕ್ರಮ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹಬ್ಬಿತು. ಮದರಾಸಿನ ಹೆಸರು ಅದಕ್ಕೆ ಉಳಿಯಿತು. ತಿಣ್ಣೆಯ ಮೇಲೆ ಕುಳಿತು ಕಲಿಸುತ್ತಿದ್ದ ಅಯ್ಯನವರ ಹೆಸರು ಎಲ್ಲಿಯೂ ಉಳಿಯಲಿಲ್ಲ.

ಹೀಗೆಂದು ಆ ಮಠಗಳನ್ನು ಸ್ವರ್ಗವೆಂದು ನಾವು ಹೇಳಲಾರೆವು. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಬರಿಯ 60. ಸಾವಿರ ಜನರಿಗೆ ಓದುವವರು ಏಳೇ ಮಂದಿ. ಆದರೂ, ಓದು ಬ್ರಾಹ್ಮಣರ ಸೊತ್ತೇ ಆಗಿತ್ತೆಂಬ ಮಾತನ್ನೂ ಈ ಕೋಷ್ಟಕ ಒಪ್ಪುವುದಿಲ್ಲ. ಹುಡುಗರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರೆಂದು ಬರೆದವರು 2,998, ಇತರ ಜಾತಿಗಳವರು 1,174, ಮುಸಲ್ಮಾನರು 243. ರಾಮಾಯಣ, ಭಾರತ, ಭಾಗವತಗಳು ಎಲ್ಲ ಶಾಲೆಗಳಲ್ಲಿಯೂ ಇದ್ದುವು. ಲಿಂಗವಂತರ ಮಕ್ಕಳು ಗಿರಿಜಾ ಕಲ್ಯಾಣ, ಚೆನ್ನಬಸವ ಪುರಾಣಗಳನ್ನೂ, ಕುಶಲಕರ್ಮಿಗಳ ಮಕ್ಕಳು ವಿಶ್ವಕರ್ಮ ಪುರಾಣವನ್ನೂ ಓದುತ್ತಿದ್ದರು. ಆದರೆ ಓದಿದ್ದು ತಿಳಿಯುತ್ತಿತ್ತೇ? ಪದ್ಯದ ಭಾಷೆ ಬೇರೆ, ಮನೆಯ ಮಾತು ಬೇರೆ; ಮಕ್ಕಳು ಸ್ಪಷ್ಟವಾಗಿ ಓದುವರು, ಅರ್ಥ ಮಾತ್ರ ತಿಳಿಯದು ಎಂಬುದು ಕ್ಯಾಂಪ್‌ಬೆಲ್ಲರ ದೊಡ್ಡ ದೂರು. ಈ ದೂರು ನ್ಯಾಯವಾದದ್ದು. ನಮ್ಮ ಮಕ್ಕಳು ಸಂಘದ ವೇದಿಕೆಯ ಮೇಲೆ ಕನ್ನಡ ಪದ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಂದು ಒಪ್ಪಿಸುವುದನ್ನು ಕಂಡಾಗ ಅದು ನಮಗೆ ನೆನಪಾಗದೆ ಇರದು. ಅವರಿಗಾದರೂ ಅಕ್ಷರ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಇವರಿಗೆ ಎರಡೂ ಇಲ್ಲ.

ಕ್ಯಾಂಪ್‌ಬೆಲ್ಲರ ಪತ್ರದಲ್ಲಿ ನಮ್ಮನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸುವ ಭಾಗ ಮಾತ್ರ ಹಣಕ್ಕೆ ಸಂಬಂಧಿಸಿದ್ದು. 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆಂದು ಅವರು ಸರ್ಕಾರಕ್ಕೇ ಬರೆಯುತ್ತಾರೆ. ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲ. ದೊಡ್ಡ ಶಾಲೆಗಳಿದ್ದೆಡೆ ಅನುಕೂಲಸ್ಥರ ನಾಲ್ಕಾರು ಮಕ್ಕಳು ಮಾತ್ರ ಉಳಿದಿದ್ದಾರೆ. ಕಾರಣವನ್ನೂ ಅವರು ಮರೆಸುವುದಿಲ್ಲ. ವಿಲಾಯಿತಿಯ ಬಟ್ಟೆ ಬಂದು ನಮ್ಮ ಹತ್ತಿಬಟ್ಟೆಯ ಕಸುಬು ಬಿತ್ತು, ನೇಕಾರರ ಕೈ ಬರಿದಾಯಿತು. ದೇಶೀ ಅರಸರ ಕಾಲದಲ್ಲಿ ಇಲ್ಲಿಯೇ ಖರ್ಚಾಗುತ್ತಿದ್ದ ಹಣ ಹೊರಗೆ ಹರಿಯಿತು. ಮಗ್ಗ ನಿಂತ ಮನೆಯಲ್ಲಿ ಮಗ್ಗಿಯೂ ನಿಂತಿತು. ತಿಂಗಳಿಗಿಷ್ಟೆಂದು ಅಯ್ಯನವರಿಗೆ ಕೊಡುತ್ತಿದ್ದ ಹಣ ನಿಂತರೆ ಅಯ್ಯನವರು ಏನು ತಿನ್ನಬೇಕು? ಅಕ್ಷರದ ಮೇಲಿನ ಆಸೆ ತೀರಿದ್ದರಿಂದ ಆ ಶಾಲೆಗಳು ಮುಚ್ಚಿದುವೆಂದು ಪತ್ರದಲ್ಲಿ ಒಂದು ಕಡೆಯೂ ಇಲ್ಲ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಸರ್ಕಾರಿ ಶಾಲೆಗಳು ಬಂದುವು, ಸ್ಲೇಟು, ಬೆಂಚು, ಗಂಟೆ, ಭಾನುವಾರಗಳು ಬಂದುವು. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಅವರ 1868ರ ಹೋಬಳಿ ಶಾಲೆಗಳ ಯೋಜನೆ ಕೂಲಿಮಠದ ಅಯ್ಯಗಳನ್ನೇ ತರಬೇತು ಮಾಡಿ ಸಂಬಳದ ಮೇಷ್ಟ್ರುಗಳನ್ನಾಗಿಸಲು ಯತ್ನಿಸಿತು. ನಮಗೆ ತಿಳಿದ ಮಟ್ಟಿಗೆ ಇದು ವಿವೇಕದ ಕೆಲಸ. ಕೂಲಿಮಠಗಳು ಒಂದೇ ದಿನಕ್ಕೆ ಹೋಗಲಿಲ್ಲ. ಮರಳಿನ ಮೇಲೆ ತಿದ್ದಿದವರು, ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಸಂಜೆ ದೀಪ ಹಚ್ಚಿದ ಮೇಲೆ ಒಪ್ಪಿಸಿದವರು ನಮ್ಮ ಸದಸ್ಯರ ಮನೆಗಳಲ್ಲಿ ಇನ್ನೂ ಒಬ್ಬಿಬ್ಬರು ಇರಬಹುದು. ಅಂತಹ ಅಜ್ಜ ಅಜ್ಜಿಯರಿದ್ದರೆ ಅವರ ಬಾಯಿಂದ ಆ ಮಗ್ಗಿಗಳನ್ನು ಮಕ್ಕಳ ಕೈಯಲ್ಲಿಯೇ, ಕನ್ನಡ ಅಕ್ಷರದಲ್ಲಿ, ಬರೆಯಿಸಿ ಸಂಘಕ್ಕೆ ಕಳುಹಿಸಿಕೊಡಬೇಕೆಂದು ಬೇಡುತ್ತೇವೆ. ಕಾಣಿಯವರೆಗೆ ಹೇಳುವವರು ಸಿಕ್ಕಿದರೆ ಅದನ್ನು ಮೊದಲು ಕಳುಹಿಸಿರಿ.