ಮೊಗ್ಲಿಂಗ್ ಪಾದ್ರಿಗೂ ದಣಿವಾಗಿತ್ತು

ಪ್ರತಿ ವರ್ಷ ಜುಲೈ 1 ನಮಗೆ ಪತ್ರಿಕಾ ದಿನ. ತಾಲ್ಲೂಕು ಕೇಂದ್ರದಲ್ಲಿ ಸಭೆ, ಒಂದು ಶಾಲು, ಒಂದು ಹಾರ. ವೇದಿಕೆಯ ಮೇಲೆ ಹರ್ಮನ್ ಮೊಗ್ಲಿಂಗ್ ಅವರ ಫೋಟೊ. 1843ರ ಜುಲೈ 1ರಂದು ಅವರು 'ಮಂಗಳೂರು ಸಮಾಚಾರ' ಹೊರತಂದರು, ಅದೇ ಕನ್ನಡದ ಮೊದಲ ಪತ್ರಿಕೆ, ಅವರು ಹಗಲಿರುಳು ದುಡಿದರು, ನೀವೂ ಹಾಗೇ ದುಡಿಯಬೇಕು ಎಂದು ಭಾಷಣವಾಗುತ್ತದೆ. ವಾರದ ರಜೆಯೇ ಇಲ್ಲದ ನಾವು ಚಪ್ಪಾಳೆ ಹೊಡೆದು, ಸಂಜೆಯೊಳಗೆ ಸುದ್ದಿ ಕಳಿಸಲು ಓಡುತ್ತೇವೆ.

ಮೊಗ್ಲಿಂಗ್ ದುಡಿದದ್ದು ನಿಜ. ಅವರು ದಣಿದದ್ದೂ ನಿಜ. ಎರಡನೆಯದನ್ನು ಯಾರೂ ಹೇಳುವುದಿಲ್ಲ.

ಅವರು ಪತ್ರಿಕೆ ಮಾಡಲೆಂದು ಜರ್ಮನಿಯಿಂದ ಬಂದವರಲ್ಲ. ಬಾಸೆಲ್ ಮಿಶನ್‌ನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದವರು. ಮಿಶನ್ ಅಲ್ಲಿ ಕಾಲಿಟ್ಟು ಆಗ ಎರಡು ವರ್ಷವಾಗಿತ್ತಷ್ಟೆ. ಭಾಷೆ ಕಲಿಯಬೇಕು, ಶಾಲೆ ನಡೆಸಬೇಕು, ಉಪದೇಶ ಮಾಡಬೇಕು, ಊರೂರು ತಿರುಗಬೇಕು, ಬಾಸೆಲ್‌ನ ಕಮಿಟಿಗೆ ವರದಿ ಬರೆಯಬೇಕು. ಇದರ ಮೇಲೆ ಕರಾವಳಿಯ ಸೆಖೆ, ಮಳೆ, ಜ್ವರ, ಭೇದಿ. ಆಸ್ಪತ್ರೆ ಎಂಬುದು ಹತ್ತಿರ ಇಲ್ಲದ ಕಾಲ.

ಆ ತಲೆಮಾರಿನ ಪಾದ್ರಿಗಳಲ್ಲಿ ದುಡಿಮೆಗೆ ಮಿತಿಯೇ ಇರಲಿಲ್ಲ. 1834ರಲ್ಲಿ ಬಂದ ಸ್ಯಾಮ್ಯುಯೆಲ್ ಹೆಬಿಕ್ 25 ವರ್ಷ ಊರಿನ ಕಡೆ ತಲೆ ಹಾಕಲಿಲ್ಲ. 1859ರಲ್ಲಿ ಹೊರಟಾಗ ದೇಹ ಸೋತಿತ್ತು, ಮತ್ತೆ ಈ ಕಡೆ ಬರಲಾಗಲಿಲ್ಲ. ಮೊಗ್ಲಿಂಗರ ಆಪ್ತ ಗೆಳೆಯ ಗಾಟ್‌ಫ್ರೀಡ್ ವೈಗಲ್ ಕನ್ನಡ ಬೈಬಲ್ ಅನುವಾದದಲ್ಲಿ ಮುಳುಗಿದ್ದವರು. 1855ರಲ್ಲಿ ತೀರಿಕೊಂಡಾಗ ವಯಸ್ಸು ಇನ್ನೂ 40 ದಾಟಿರಲಿಲ್ಲ.

ಇಂಥ ದಣಿವಿನ ನಡುವೆ ಅವರಿಗೊಂದು ನೆರಳು ಸಿಕ್ಕಿತು. ಅದು ನೀಲಗಿರಿಯ ಮೇಲೆ, ಊಟಿ ಮತ್ತು ಕೂನೂರಿನ ನಡುವಿನ ಕೇತಿ ಕಣಿವೆಯಲ್ಲಿ. ಈಗ ಅದನ್ನು ಕೆಟ್ಟಿ ಎನ್ನುತ್ತಾರೆ. ಸಮುದ್ರ ಮಟ್ಟದಿಂದ 6,000 ಅಡಿಗೂ ಮೇಲೆ, ತಂಪು ಗಾಳಿ. ಸುತ್ತಲೂ ಬಡಗರ ಹಟ್ಟಿಗಳು. ಅವರಾಡುವ ಬಡಗ ಮಾತು ಕನ್ನಡದ ತೀರಾ ಹತ್ತಿರದ ನೆಂಟ. ಅಲ್ಲಿ ಕಾಸಾಮೇಜರ್ ಎಂಬ ನಿವೃತ್ತ ಇಂಗ್ಲಿಷ್ ನ್ಯಾಯಾಧೀಶರು ವಾಸವಾಗಿದ್ದರು. ಬಡಗರ ಮಕ್ಕಳಿಗೆ ಶಾಲೆ ತೆರೆಯಬೇಕೆಂದು ಐವತ್ತು ದಾಟಿದ ಮೇಲೆ ಕನ್ನಡ ಕಲಿಯಲು ಕೂತ ಮನುಷ್ಯ. ಕಾಯಿಲೆ ಬಿದ್ದ, ಬಳಲಿದ ಪಾದ್ರಿಗಳಿಗೆ ಅವರು ಮನೆ ಬಾಗಿಲು ತೆರೆದರು. 1849ರಲ್ಲಿ ಸಾಯುವಾಗ ಆಸ್ತಿಯ ಬಹುಪಾಲನ್ನು ಮಿಶನ್‌ಗೆ ಬಿಟ್ಟರು.

ಆ ಮನೆಯಿಂದ ಕನ್ನಡಕ್ಕೆ ಏನಾಯಿತು ನೋಡಿ. ವೈಗಲ್ ಕೇತಿಯ ತಂಪಿನಲ್ಲಿ ಚೇತರಿಸಿಕೊಂಡು, ಅಲ್ಲೇ ಬಡಗರ ನಡುವೆ ಕೆಲಸ ಶುರುಮಾಡಿದರು. 1848ರಿಂದ ಮೊಗ್ಲಿಂಗ್ ಅಚ್ಚು ಹಾಕಿಸಿದ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಗೆ ಹಣ ಕೊಟ್ಟವರೂ ಕಾಸಾಮೇಜರ್. ತಾಳೆಗರಿಯಲ್ಲಿದ್ದ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಆ ಮಾಲೆಯಲ್ಲಿ ಅಚ್ಚಿನ ಬೆಳಕು ಕಂಡವು. ದಣಿದವರಿಗೆ ಮಂಚ ಹಾಸಿಕೊಟ್ಟವನೇ ಪುಸ್ತಕಕ್ಕೂ ದುಡ್ಡು ಕೊಟ್ಟ.

ಆದರೆ ವಿಶ್ರಾಂತಿ ಸಿಕ್ಕಾಗಲೆಲ್ಲ ಅದನ್ನು ಪಡೆಯುವ ಸ್ವಭಾವ ಮೊಗ್ಲಿಂಗರದ್ದಲ್ಲ. 1852ರ ಹೊತ್ತಿಗೆ ಆರೋಗ್ಯ ಕೆಟ್ಟು ಯುರೋಪಿಗೆ ಹೊರಡುವ ಯೋಚನೆಯಲ್ಲಿದ್ದರು. ಅಷ್ಟರಲ್ಲಿ ಕೊಡಗಿನ ಸೋಮಯ್ಯ ಎಂಬವರು ಹುಡುಕಿಕೊಂಡು ಬಂದರು. ಮೊಗ್ಲಿಂಗ್ ಊರಿನ ದಾರಿ ಬಿಟ್ಟು ಕೊಡಗು ಹತ್ತಿದರು. ಮುಂದೆ ಅಲ್ಲಿ ಜೀತದಿಂದ ಹೊರಬಂದ ಕುಟುಂಬಗಳಿಗಾಗಿ ಆನಂದಪುರ ಎಂಬ ಊರು ಕಟ್ಟಿದರು. ವೈಗಲ್ ತೀರಿಕೊಂಡ ಮೇಲೆ ಅವರ ಪತ್ನಿ ಪೌಲಿನಾರನ್ನು ಮದುವೆಯಾದರು. ಕೊನೆಗೆ 1860ರಲ್ಲಿ ಪತ್ನಿಯ ಕಾಯಿಲೆಯಿಂದಾಗಿ ಭಾರತ ಬಿಟ್ಟರು. ತನ್ನ ದೇಹ ಹೇಳಿದಾಗ ಕೇಳದ ಮನುಷ್ಯ, ಹೆಂಡತಿಯ ದೇಹ ಸೋತಾಗ ಕೇಳಲೇಬೇಕಾಯಿತು. ಊರಿಗೆ ಹೋದ ಮೇಲೆ ಇನ್ನೂ 21 ವರ್ಷ ಬದುಕಿದರು.

ಹೆಂಗಸರ ದಣಿವು ಈ ಚರಿತ್ರೆಯಲ್ಲಿ ಇನ್ನೂ ಕೆಳಗೆ ಹೂತಿದೆ. ಪಾದ್ರಿಗಳ ಹೆಂಡಂದಿರು ಮನೆ ನೋಡಬೇಕು, ಹುಡುಗಿಯರ ಶಾಲೆ ನೋಡಬೇಕು, ಬಂದವರಿಗೆ ಅಡುಗೆಯಾಗಬೇಕು. ಮಕ್ಕಳಿಗೆ ಓದುವ ವಯಸ್ಸು ಬಂತೆಂದರೆ ಅವರನ್ನು ಹಡಗು ಹತ್ತಿಸಿ ಬಾಸೆಲ್‌ಗೆ ಕಳಿಸಬೇಕು. ಆಮೇಲೆ ವರ್ಷಗಟ್ಟಲೆ ಬರೀ ಕಾಗದ. ಯಾವ ಬೆಟ್ಟದ ಗಾಳಿ ಆ ಸಂಕಟ ಇಳಿಸೀತು?

ಇನ್ನೊಂದು ಮಾತನ್ನೂ ಹೇಳಬೇಕು. ನೀಲಗಿರಿಯ ತಂಪು ಊರುಗಳು ಬೆಳೆದದ್ದೇ ಬಿಳಿಯರ ಆರೋಗ್ಯಕ್ಕಾಗಿ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದ ಮೇಲೆ ಬಂದ ಬಂಗಲೆಗಳೆಲ್ಲ ಅದೇ ಲೆಕ್ಕದವು. ಪಾದ್ರಿಯ ಜೊತೆ ಅದೇ ಬಿಸಿಲಲ್ಲಿ ನಡೆದ ನಮ್ಮ ಉಪದೇಶಿಗಳು, ಸಾಮಾನು ಹೊತ್ತವರು, ಪಲ್ಲಕ್ಕಿ ಹೊತ್ತವರು ಅವರ ಮನಸ್ಸಿನಲ್ಲಿರಲಿಲ್ಲ. ಯಾರಿಗೆ ಬೆಟ್ಟ, ಯಾರಿಗೆ ಬರೀ ಮರದ ನೆರಳು ಎಂಬುದೂ ಈ ಚರಿತ್ರೆಯ ಭಾಗವೇ.

ಹಾಗಿದ್ದರೆ ಅವರು ಓದುತ್ತಿದ್ದ ಪುಸ್ತಕ ಏನು ಹೇಳುತ್ತಿತ್ತು? ಎಲೀಯ ಎಂಬ ಪ್ರವಾದಿ ಸೋತು, ಮರದ ಕೆಳಗೆ ಬಿದ್ದು, ಸಾವು ಬರಲಿ ಎಂದು ಬೇಡುತ್ತಾನೆ. ದೇವದೂತ ಬಂದು ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮಲಗಿದ್ದವನನ್ನು ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ತಿಂದು ಮತ್ತೆ ಮಲಗಲು ಬಿಡುತ್ತಾನೆ. ಯೇಸು ಕೂಡ, ಜನಸಂದಣಿಯಲ್ಲಿ ಊಟಕ್ಕೂ ಬಿಡುವಿಲ್ಲದ ಶಿಷ್ಯರನ್ನು ಕರೆದು, ಜನರಿಲ್ಲದ ಕಡೆ ಹೋಗಿ ಸ್ವಲ್ಪ ದಣಿವಾರಿಸಿಕೊಳ್ಳಿ ಎನ್ನುತ್ತಾನೆ. ಇದನ್ನು ನೂರಾರು ಸಲ ಬೋಧಿಸಿದವರೇ ತಮಗೆ ಅನ್ವಯಿಸಿಕೊಳ್ಳಲು ಹಿಂಜರಿದರು. ಕೆಲಸ ನಿಂತೀತು ಎಂಬ ಭಯ ಭಕ್ತಿಯ ವೇಷ ಹಾಕಿಕೊಂಡು ಬರುತ್ತದೆ.

ಇದು 180 ವರ್ಷ ಹಿಂದಿನ ಕಥೆ ಮಾತ್ರ ಅಲ್ಲ. ನಮ್ಮ ಹಳ್ಳಿಗಳ ಸಭಾಪಾಲಕರನ್ನು ನೋಡಿ. ಊರಿಗೆಲ್ಲ ಭಾನುವಾರ ರಜೆ, ಅವರಿಗೆ ಅವತ್ತೇ ಹೆಚ್ಚು ಕೆಲಸ. ಒಂದೇ ಬೈಕಿನಲ್ಲಿ ಎರಡು ಮೂರು ಊರಿನ ಆರಾಧನೆ. ನಡುರಾತ್ರಿ ಫೋನ್ ಬಂದರೆ ಸಾವಿನ ಮನೆಗೆ ಓಡಬೇಕು. ಗುಡಿಯ ಪೂಜಾರಿ, ಮಸೀದಿಯ ಇಮಾಮರು, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಎಲ್ಲರ ಪಾಡೂ ಹೆಚ್ಚು ಕಡಿಮೆ ಇದೇ. ಸೇವೆ ಎಂಬ ಮಾತು ಬಂದಲ್ಲಿ ರಜೆ ಕೇಳಲು ನಾಚಿಕೆ.

ಮೊಗ್ಲಿಂಗರ ಕಾಲದಿಂದ ನಾವು ಕಲಿತದ್ದು ಇಷ್ಟು: ದಣಿದವರು ತಾವಾಗಿ ನಿಲ್ಲುವುದಿಲ್ಲ. ಇನ್ನೊಬ್ಬರು ಬಾಗಿಲು ತೆರೆಯಬೇಕು. ಅದಕ್ಕೆ ನೀಲಗಿರಿಯ ಬಂಗಲೆಯೇ ಬೇಕಿಲ್ಲ. ಆಸ್ಪತ್ರೆಯಲ್ಲಿರುವವರನ್ನು ನೋಡಿ ಬರುವ ಕೆಲಸವನ್ನು ಸಭೆಯ ನಾಲ್ಕು ಜನ ಸರದಿಯಲ್ಲಿ ಹಂಚಿಕೊಂಡರೆ, ಸೋಮವಾರ ತೀರಾ ತುರ್ತಿಲ್ಲದೆ ಅವರಿಗೆ ಫೋನ್ ಮಾಡದಿದ್ದರೆ, ಅವರ ಮನೆಯವರಿಗೂ ಒಂದು ದಿನ ಅಡುಗೆಯಿಂದ ಬಿಡುವು ಕೊಟ್ಟರೆ, ಅದೇ ಒಂದು ಕೇತಿ.

ಮುಂದಿನ ಜುಲೈ 1ಕ್ಕೆ ಮತ್ತೆ ಆ ಫೋಟೊಗೆ ಹಾರ ಹಾಕುತ್ತೇವೆ. ಈ ಸಲ ವೇದಿಕೆಯಲ್ಲಿ ಯಾರಾದರೂ ಕೇತಿಯ ಮನೆಯ ಕಥೆಯನ್ನೂ ಹೇಳಲಿ. ಯಾರೂ ಹೇಳದಿದ್ದರೆ ನಾವೇ ಎದ್ದು ಹೇಳುತ್ತೇವೆ.