ಕಲ್ಲಿನಿಂದ ಕಡತಕ್ಕೆ, ಕಡತದಿಂದ ಕಚೇರಿಗೆ

ಹೊಯ್ಸಳ ದೊರೆ ವಿಷ್ಣುವರ್ಧನನ ಬಿರುದುಗಳ ಸಾಲಿನಲ್ಲಿ ತಲಕಾಡು, ಕೊಂಗು, ನೊಳಂಬವಾಡಿಗಳ ಜೊತೆಗೆ ನಂಗಲಿಯ ಹೆಸರೂ ಬರುತ್ತದೆ. ಆತನ ರಾಜ್ಯದ ಮೇರೆಗಳನ್ನು ವಿವರಿಸುವ ೧೨ನೆಯ ಶತಮಾನದ ಶಾಸನಗಳು ಮೂಡಲಿಗೆ ನಂಗಲಿಯ ಘಟ್ಟ, ತೆಂಕಲಿಗೆ ಕೊಂಗು, ಚೇರ, ಆನೆಮಲೆ, ಪಡುವಲಿಗೆ ಬಾರಕನೂರು ಘಟ್ಟ, ಬಡಗಲಿಗೆ ಸಾವಿಮಲೆ ಎಂದು ಎಣಿಸುತ್ತವೆ. ಹೊಲದ ಕ್ರಯಪತ್ರವನ್ನು ಒಮ್ಮೆಯಾದರೂ ಓದಿದವರಿಗೆ ಈ ಧಾಟಿ ಅಪರಿಚಿತವಲ್ಲ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಓಣಿ, ಉತ್ತರಕ್ಕೆ ಕೆರೆಯ ಅಂಗಳ, ದಕ್ಷಿಣಕ್ಕೆ ಮತ್ತೊಬ್ಬರ ಸರ್ವೆ ನಂಬರು ಎಂದು ನಾವು ಬರೆಸುವ ಚಕ್ಕುಬಂದಿಯನ್ನೇ ಆ ಶಾಸನಕಾರರು ಒಂದು ರಾಜ್ಯಕ್ಕೆ ಬರೆದರು. ಅದರಲ್ಲಿ ಮೂಡಣ ಗಡಿಯಾಗಿ ನಿಂತ ಊರು ನಂಗಲಿ.

ಆ ಗಡಿ ಇಂದಿಗೂ ಗಡಿಯೇ. ಮುಳಬಾಗಿಲಿನಿಂದ ಪಲಮನೇರಿನತ್ತ ಸಾಗುವ ಹೆದ್ದಾರಿಯಲ್ಲಿ ನಂಗಲಿಯನ್ನು ದಾಟಿದರೆ ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆ. ತಾಲೂಕು ಕೇಂದ್ರವಾದ ಮುಳಬಾಗಿಲಿಗೂ ಮೂಡಲ ಬಾಗಿಲೆಂಬುದರಿಂದಲೇ ಹೆಸರು ಬಂದಿದೆ. ಇಂಥ ಎಲ್ಲೆಯ ಊರಿನಲ್ಲಿ, ಈ ನೆಲ ಯಾರದು, ಯಾರಿಂದ ಬಂತು, ಅದಕ್ಕೆ ಸಾಕ್ಷಿ ಎಲ್ಲಿದೆ ಎಂಬ ಪ್ರಶ್ನೆ ಬೇರೆಡೆಗಿಂತ ತುಸು ಹೆಚ್ಚೇ ಏಳುತ್ತದೆ. ಆ ಸಾಕ್ಷಿಯನ್ನು ನಮ್ಮ ಹಿರಿಯರು ಎಲ್ಲೆಲ್ಲಿ ಇಟ್ಟರು, ಅದನ್ನು ಯಾರು ಯಾರು ಓದಬಹುದಾಗಿತ್ತು ಎಂಬುದೇ ಈ ಬರಹದ ವಿಷಯ.

ಮೊದಲು ಅದು ಕಲ್ಲಿನ ಮೇಲಿತ್ತು. ಕೋಲಾರ ಜಿಲ್ಲೆಯ ಶಾಸನಗಳನ್ನು ಹಳ್ಳಿ ಹಳ್ಳಿಗಳಿಂದ ಸಂಗ್ರಹಿಸಿ ೧೯೦೫ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದವರು ಬಿ. ಎಲ್. ರೈಸ್. ೧೮೩೭ರಲ್ಲಿ ಬೆಂಗಳೂರಿನಲ್ಲೇ ಜನಿಸಿದ ಇವರು ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ. ತಂದೆ ಸುವಾರ್ತೆಗಾಗಿ ಕಲಿತ ಕನ್ನಡವನ್ನು ಮಗ ಶಾಸನಗಳಿಗಾಗಿ ಬಳಸಿದರು ಎನ್ನಬಹುದು. ಕೋಲಾರದ ಕಲ್ಲುಗಳಲ್ಲಿ ಕನ್ನಡವಿದೆ, ತೆಲುಗಿದೆ, ಚೋಳರ ಆಳ್ವಿಕೆ ಬಿಟ್ಟುಹೋದ ತಮಿಳೂ ಇದೆ.

ಈ ಶಾಸನಗಳನ್ನು ನಾವು ಸಾಮಾನ್ಯವಾಗಿ ರಾಜರ ಚರಿತ್ರೆಗಾಗಿ ಓದುತ್ತೇವೆ. ವಾಸ್ತವವಾಗಿ ಅವುಗಳಲ್ಲಿ ಬಹುಪಾಲು ಜಮೀನಿನ ಪತ್ರಗಳೇ. ಕೆರೆ ಕಟ್ಟಿಸಿದವನಿಗೆ ಆ ಕೆರೆಯ ಕೆಳಗೆ ಬಿಟ್ಟುಕೊಟ್ಟ ಗದ್ದೆ, ದೇವಾಲಯದ ದೀಪಕ್ಕೆ ಬಿಟ್ಟ ತೋಟ, ತುರುಗೋಳಿನಲ್ಲಿ ಹಸುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವನ ಮನೆಯವರಿಗೆ ಕೊಟ್ಟ ಹೊಲ, ಎಲ್ಲವೂ ಅಲ್ಲಿವೆ. ನಮ್ಮ ಸೀಮೆಯಲ್ಲಿ ಹೇರಳವಾಗಿರುವ ವೀರಗಲ್ಲುಗಳಲ್ಲಿ ಕೆಲವು ಒಂದೇ ಸಮಯಕ್ಕೆ ಸತ್ತವನ ಸ್ಮಾರಕವೂ ಹೌದು, ಅವನ ಮಕ್ಕಳ ಹಕ್ಕುಪತ್ರವೂ ಹೌದು. ಕಲ್ಲು ಬಯಲಲ್ಲಿ ನಿಂತಿರುತ್ತಿತ್ತು. ಓದಲು ಬಾರದವನಿಗೂ ಅದರ ಮೇಲೆ ಕೆತ್ತಿದ ಸೂರ್ಯ ಚಂದ್ರರು ಅರ್ಥವಾಗುತ್ತಿದ್ದರು: ಇವು ಇರುವವರೆಗೂ ಈ ದಾನ ನಡೆಯತಕ್ಕದ್ದು ಎಂದು. ಕೊನೆಯಲ್ಲೊಂದು ಶಾಪ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಭೂಮಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುವನು. ಧರ್ಮೋಪದೇಶಕಾಂಡದ ೨೭ನೆಯ ಅಧ್ಯಾಯದಲ್ಲಿಯೂ ನೆರೆಯವನ ಗಡಿಕಲ್ಲನ್ನು ಸರಿಸಿದವನಿಗೆ ಶಾಪವಿದೆ, ಅದಕ್ಕೆ ಜನರೆಲ್ಲರೂ ಆಮೆನ್ ಎನ್ನಬೇಕು. ನೋಂದಣಿ ಕಚೇರಿಗಳಿಲ್ಲದ ಕಾಲದಲ್ಲಿ ಊರವರ ಕಿವಿಯ ಮೇಲೆ ಬಿದ್ದ ಶಾಪವೇ ರಕ್ಷಣೆಯಾಗಿತ್ತು.

ಶಾಪ ಕಾಲಾಂತರದಲ್ಲಿ ಬಿಟ್ಟುಹೋಯಿತು, ಆದರೆ ಶಾಸನದ ಮಿಕ್ಕ ಭಾಷೆ ಹೋಗಲಿಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ಶುದ್ಧ ಕ್ರಯಪತ್ರವನ್ನು ತೆಗೆದು ನೋಡಿ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ತೇಜಸ್ವಾಮ್ಯಗಳ ಸಮೇತ, ಪುತ್ರಪೌತ್ರ ಪಾರಂಪರ್ಯವಾಗಿ, ಆಚಂದ್ರಾರ್ಕವಾಗಿ ಅನುಭವಿಸಿಕೊಂಡು ಬರತಕ್ಕದ್ದು ಎಂದಿರುತ್ತದೆ. ಹೂತಿಟ್ಟ ಧನ, ನೀರು, ಕಲ್ಲು, ಮುಂದೆ ಬರಬಹುದಾದ ಆದಾಯ, ಈಗಾಗಲೇ ಸಾಗುವಳಿಯಾದದ್ದು, ಇನ್ನು ಸಾಗುವಳಿ ಮಾಡಬಹುದಾದದ್ದು, ಇವೆಲ್ಲವೂ ಸೇರಿ ಎಂದು ಅದರ ತಾತ್ಪರ್ಯ. ವಿಜಯನಗರದ ಕಾಲದ ತಾಮ್ರಪಟದಲ್ಲಿದ್ದ ಈ ಮಾತು ಛಾಪಾ ಕಾಗದದ ಮೇಲೆಯೂ ಉಳಿದು ಬಂದಿತು. ಅದರ ಪಕ್ಕದಲ್ಲೇ ಸದರಿ, ತಪಸೀಲು, ಖರಾಬು, ನಕಲು, ರುಜು ಎಂಬ ಪಾರಸಿ ಅರಬಿ ಮೂಲದ ಪದಗಳು, ಮತ್ತೆ ಎಕರೆ, ಷೆಡ್ಯೂಲು ಎಂಬ ಇಂಗ್ಲಿಷು. ಒಂದೇ ಹಾಳೆಯ ಮೇಲೆ ಈ ನಾಡನ್ನಾಳಿದವರೆಲ್ಲರೂ ರುಜು ಹಾಕಿದಂತೆ ತೋರುತ್ತದೆ. ಭಾಷೆಯನ್ನು ಪ್ರೀತಿಸುವವರು ಕಾವ್ಯವನ್ನಷ್ಟೇ ಅಲ್ಲ, ಕ್ರಯಪತ್ರವನ್ನೂ ಓದಬೇಕೆಂಬುದು ನನ್ನ ಅನಿಸಿಕೆ.

ಕಲ್ಲು ಮತ್ತು ಕಚೇರಿಯ ನಡುವೆ ಶಾನುಭೋಗರ ಕಾಲವೊಂದಿದೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಪದರ ಪದರವಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರು. ೧೯ನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇದನ್ನು ಕುತೂಹಲದಿಂದ ವರ್ಣಿಸಿದ್ದಾನೆ. ಇಂದು ಸರ್ಕಾರಿ ಫೈಲಿಗೆ ನಾವು ಕಡತವೆನ್ನುವುದು ಅದರಿಂದಲೇ. ಕಡತ ಗೆದ್ದಲಿಗೆ ಸುಲಭವಾಗಿ ಬಗ್ಗುತ್ತಿರಲಿಲ್ಲ, ಆದರೆ ಅದರ ಮೇಲಿನ ಬರಹವನ್ನು ಒರೆಸಿ ಬೇರೆ ಬರೆಯಬಹುದಾಗಿತ್ತು. ಮೇಲಾಗಿ ಅದು ಒಬ್ಬರ ಮನೆಯಲ್ಲಿರುತ್ತಿತ್ತು. ಪ್ರಾಮಾಣಿಕರಾದ ಶಾನುಭೋಗರು ಅನೇಕರಿದ್ದರು, ಅದನ್ನು ಅಲ್ಲಗಳೆಯಲಾಗದು. ಆದರೂ ಅಕ್ಷರ ಬಾರದ ರೈತನು ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂದು ತಿಳಿಯಲು ಮತ್ತೊಬ್ಬರ ಜಗುಲಿಯ ಕೆಳಗೆ ಕೈಕಟ್ಟಿ ನಿಲ್ಲಬೇಕಾಗಿತ್ತು. ವಂಶಪಾರಂಪರ್ಯದ ಈ ಗ್ರಾಮಾಧಿಕಾರ ೧೯೬೧ರ ಕಾಯಿದೆಯಿಂದ ರದ್ದಾಗಿ, ಆ ಕಾಯಿದೆ ೧೯೬೩ರಲ್ಲಿ ಜಾರಿಗೆ ಬಂತು. ಪಹಣಿಯ ಕೈಬರಹದ ಪ್ರತಿ ಹೋಗಿ 'ಭೂಮಿ' ಯೋಜನೆಯಡಿ ಗಣಕಯಂತ್ರದ ಪ್ರತಿ ಬಂದದ್ದು ೨೦೦೦ದ ನಂತರ. ಆಗ ತಾಲೂಕು ಕಚೇರಿಯಲ್ಲಿ ೧೫ ರೂಪಾಯಿ ಕೊಟ್ಟರೆ ಯಾರ ಪಹಣಿಯನ್ನಾದರೂ ಯಾರು ಬೇಕಾದರೂ ಪಡೆಯಬಹುದಾಯಿತು.

ಪಹಣಿ ಕಂದಾಯ ಇಲಾಖೆಯದು, ಕ್ರಯಪತ್ರದ ನೋಂದಣಿ ಬೇರೆಯೇ ಇಲಾಖೆಯದು. ಈ ಎರಡನ್ನೂ ಒಂದೆಂದು ಭಾವಿಸಿ ತೊಂದರೆಗೊಳಗಾದ ಕುಟುಂಬಗಳು ಎಷ್ಟೋ. ಬ್ರಿಟಿಷ್ ಇಂಡಿಯಾದಲ್ಲಿ ೧೮೬೪ರಲ್ಲಿ ಮೊದಲಾದ ನೋಂದಣಿ ಕಾಯಿದೆ ಹಲವು ಬಾರಿ ಬದಲಾಗಿ ೧೯೦೮ರಲ್ಲಿ ನಿಂತ ರೂಪವೇ ನಮ್ಮ ಇಂದಿನ ಪದ್ಧತಿಯ ತಳಹದಿ. ಪತ್ರ ಬರೆದ ನಾಲ್ಕು ತಿಂಗಳೊಳಗೆ ಉಪನೋಂದಣಾಧಿಕಾರಿಯ ಮುಂದೆ ಹಾಜರುಪಡಿಸಬೇಕು. ಬರೆದುಕೊಟ್ಟವನು ಬಂದು ಬರೆದುಕೊಟ್ಟದ್ದು ನಿಜವೆಂದು ಒಪ್ಪಬೇಕು. ಗುರುತಿಸುವವರು ಬೇಕು, ಹೆಬ್ಬೆಟ್ಟಿನ ಗುರುತು ಬೇಕು. ಬಳಿಕ ಪತ್ರವನ್ನು ಒಂದನೆಯ ಪುಸ್ತಕಕ್ಕೆ ನಕಲು ಮಾಡಿ, ಹಿಂಬರಹ ಬರೆದು, ಮೂಲವನ್ನು ಹಿಂದಿರುಗಿಸುತ್ತಾರೆ. ಎರಡನೆಯ ಪುಸ್ತಕ ಸ್ವಾರಸ್ಯಕರವಾದುದು. ಅಧಿಕಾರಿ ಯಾವ ಪತ್ರವನ್ನು ನಿರಾಕರಿಸಿದರೂ ಅದರ ಕಾರಣವನ್ನು ಅಲ್ಲಿ ಬರೆದಿಡಬೇಕು. ಈ ಎರಡು ಪುಸ್ತಕಗಳನ್ನು ಶುಲ್ಕ ತೆತ್ತು ನೋಡುವ ಹಕ್ಕು ಯಾರಿಗಾದರೂ ಉಂಟೆಂದು ಕಾಯಿದೆಯ ೫೭ನೆಯ ಕಲಮು ಹೇಳುತ್ತದೆ. ಬಯಲಲ್ಲಿ ನಿಂತ ಕಲ್ಲಿಗಿದ್ದ ಗುಣವೊಂದು ಹೀಗೆ ಕಾಗದಕ್ಕೂ ಮರಳಿ ಬಂತು.

ಹುಡುಕುವ ಕ್ರಮವೂ ಸರಳವೇ. ಸೂಚಿಗಳು ಎರಡು ಬಗೆ: ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನ ಪ್ರಕಾರ ಒಂದು, ಊರು ಮತ್ತು ಆಸ್ತಿಯ ಪ್ರಕಾರ ಇನ್ನೊಂದು. ಹೆಸರು, ತಂದೆಯ ಹೆಸರು, ಸರ್ವೆ ನಂಬರು, ಅಂದಾಜು ವರ್ಷ ತಿಳಿದಿದ್ದರೆ ಪತ್ರದ ಸಂಖ್ಯೆ, ಸಂಪುಟ, ಪುಟ ಸಿಗುತ್ತವೆ; ಆಮೇಲೆ ದೃಢೀಕೃತ ನಕಲು. ಜನ ಇ.ಸಿ. ಎಂದು ಕರೆಯುವ ಋಣಭಾರ ಪ್ರಮಾಣಪತ್ರ ಈ ಸೂಚಿಗಳ ಸಾರಾಂಶ. ಕರ್ನಾಟಕದಲ್ಲಿ 'ಕಾವೇರಿ' ತಂತ್ರಾಂಶ ಬಂದ ನಂತರ, ಅಂದರೆ ೨೦೦೪ರ ಏಪ್ರಿಲ್‌ನಿಂದ ಈಚಿನದು ಗಣಕದಲ್ಲಿದೆ. ಅದಕ್ಕೂ ಹಿಂದಿನದಕ್ಕೆ ಹಳೆಯ ಸಂಪುಟಗಳನ್ನೇ ಮಗುಚಬೇಕು. ಚರ್ಚಿನ ಜಾಗವೊಂದರ ಮೂಲಪತ್ರಕ್ಕಾಗಿ ನಾನೂ ಒಮ್ಮೆ ಅಂಥ ಸಂಪುಟಗಳ ಮುಂದೆ ಕುಳಿತವನು. ತಂದೆಯ ಹೆಸರು ತಿಳಿಯದಿದ್ದರೆ ಒಂದೇ ಊರಿನ ಹತ್ತು ಮಂದಿ ಚೌರಪ್ಪಂದಿರಲ್ಲಿ ಯಾರು ಯಾರೆಂದು ಗುರುತಿಸುವುದು ಅಸಾಧ್ಯ.

ನಂಗಲಿಯಂಥ ಊರಿನವರಿಗೆ ಈ ಹುಡುಕಾಟ ಇಮ್ಮಡಿ. ಈ ಕಡೆಯ ಹೊಲ ಮೈಸೂರು ಸಂಸ್ಥಾನದ ದಾಖಲೆಗೆ ಸೇರಿದ್ದರೆ, ಆ ಕಡೆಯದು ೧೯೧೧ರಲ್ಲಿ ಚಿತ್ತೂರು ಜಿಲ್ಲೆಯಾಗುವವರೆಗೆ ಉತ್ತರ ಆರ್ಕಾಟಿನದು, ೧೯೫೩ರವರೆಗೆ ಮದ್ರಾಸಿನದು, ಆಮೇಲೆ ಆಂಧ್ರದ್ದು. ಎರಡೂ ಬದಿಯಲ್ಲಿ ಜಮೀನಿರುವ ಕುಟುಂಬ ಎರಡು ರಾಜ್ಯದ ಕಚೇರಿಗಳಲ್ಲಿ, ಎರಡು ಲಿಪಿಗಳಲ್ಲಿ ತನ್ನ ಅಜ್ಜನನ್ನು ಹುಡುಕಬೇಕು.

ಪವಿತ್ರ ಬೈಬಲಿನಲ್ಲಿ ಇಂಥ ದಸ್ತಾವೇಜಿನ ಪೂರ್ಣ ವಿವರ ಒಂದೆಡೆ ದೊರೆಯುತ್ತದೆ. ಯೆರೆಮೀಯನ ಗ್ರಂಥದ ೩೨ನೆಯ ಅಧ್ಯಾಯದಲ್ಲಿ, ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮುತ್ತಿರುವಾಗ, ಸೆರೆಯಲ್ಲಿದ್ದ ಪ್ರವಾದಿ ಅನಾತೋತಿನ ಹೊಲವನ್ನು ೧೭ ಶೆಕೆಲ್ ಬೆಳ್ಳಿಗೆ ಕೊಳ್ಳುತ್ತಾನೆ. ಸಾಕ್ಷಿಗಳ ಮುಂದೆ ತೂಗಿ ಹಣ ಕೊಟ್ಟು, ಪತ್ರ ಬರೆದು, ಮುದ್ರೆ ಹಾಕಿ, ಮುಚ್ಚಿದ ಪ್ರತಿಯನ್ನೂ ತೆರೆದ ಪ್ರತಿಯನ್ನೂ ಬಾರೂಕನ ಕೈಗೆ ಕೊಟ್ಟು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಮುಚ್ಚಿದ್ದು ತಿದ್ದಲಾಗದ ಮೂಲ, ತೆರೆದದ್ದು ಯಾರಾದರೂ ಓದಲು. ಈ ಇಮ್ಮಡಿ ಬರಹದ ಪದ್ಧತಿ ಬಹುಕಾಲ ನಡೆಯಿತೆಂಬುದಕ್ಕೆ ೧೯೬೧ರಲ್ಲಿ ಮೃತಸಮುದ್ರದ ಬಳಿಯ ಗುಹೆಯೊಂದರಲ್ಲಿ ಯಿಗಾಯೆಲ್ ಯಾದಿನ್ ಅವರ ತಂಡಕ್ಕೆ ಸಿಕ್ಕ ಚರ್ಮದ ಚೀಲವೇ ಪುರಾವೆ. ಅದು ಬಾಬಥಾ ಎಂಬ ಯೆಹೂದಿ ಮಹಿಳೆಯದು, ಒಳಗೆ ೩೫ ಪತ್ರಗಳು. ಕ್ರಿ.ಶ. ೧೨೭ರ ಡಿಸೆಂಬರಿನಲ್ಲಿ ಆಕೆ ರಬ್ಬಾತ್ ಎಂಬ ಊರಿಗೆ ಹೋಗಿ ತನ್ನ ನಾಲ್ಕು ಖರ್ಜೂರದ ತೋಟಗಳನ್ನು ರೋಮನ್ ಅಧಿಕಾರಿಯ ಮುಂದೆ ಚಕ್ಕುಬಂದಿ ಸಮೇತ ನೋಂದಾಯಿಸಿದ್ದಾಳೆ. ಆಕೆಗೆ ಬರೆಯಲು ಬಾರದು, ಬೇರೊಬ್ಬರು ಆಕೆಯ ಪರವಾಗಿ ಬರೆದಿದ್ದಾರೆ. ಆ ಊರಿನ ಸಭಾಮಂದಿರದಲ್ಲಿ ಪ್ರಕಟಿಸಿದ ದಾಖಲೆಯ ನಕಲನ್ನು ಆಕೆ ಪಡೆದಿಟ್ಟುಕೊಂಡಿದ್ದಳು. ಯುದ್ಧದ ಕಾಲದಲ್ಲಿ ಗುಹೆಗೆ ಓಡುವಾಗಲೂ ಆ ಚೀಲವನ್ನು ಬಿಡಲಿಲ್ಲ.

ಬಾಬಥಾಳ ಚೀಲವನ್ನು ನೆನೆದಾಗ ನಮ್ಮ ಹೆಣ್ಣುಮಕ್ಕಳ ನೆನಪಾಗುತ್ತದೆ. ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು: ನಮ್ಮ ದೇಶದಲ್ಲಿ ನೋಂದಣಿಯಾಗುವುದು ಪತ್ರವೇ ಹೊರತು ಒಡೆತನವಲ್ಲ. ಮಾರುವವನಿಗೆ ಮಾರುವ ಹಕ್ಕಿತ್ತೇ ಎಂದು ತೀರ್ಮಾನಿಸುವುದು ಉಪನೋಂದಣಾಧಿಕಾರಿಯ ಕೆಲಸವಲ್ಲ. ಹೇಳಿದ್ದನ್ನು ಪುಸ್ತಕ ನೆನಪಿಡುತ್ತದೆ, ಹೇಳದೆ ಬಿಟ್ಟ ಹೆಸರು ಅದಕ್ಕೆ ತಿಳಿಯದು. ಕ್ರೈಸ್ತರಿಗೆ ಅನ್ವಯಿಸುವ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ತಂದೆ ತೀರಿಕೊಂಡರೆ ಮಗಳಿಗೂ ಮಗನಿಗೂ ಪಾಲು ಸಮಾನ. ತಿರುವಾಂಕೂರಿನ ಕ್ರೈಸ್ತ ಮಹಿಳೆಯರಿಗೂ ಇದೇ ಕಾಯಿದೆ ಅನ್ವಯಿಸುವುದೆಂದು ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತದ್ದು ೧೯೮೬ರಲ್ಲಿ. ಆದರೂ ನಮ್ಮ ಕುಟುಂಬಗಳಲ್ಲಿ ತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು, ಅಥವಾ ವಂಶವೃಕ್ಷ ಬರೆಸುವಾಗಲೇ ಅವರ ಹೆಸರನ್ನು ಕೈಬಿಡುವುದು ಹೊಸತಲ್ಲ. ಪ್ರೀತಿಯಿಂದ ಬಿಟ್ಟುಕೊಡುವವರೂ ಇದ್ದಾರೆ. ಓದಿ ಹೇಳದೆ ರುಜು ಹಾಕಿಸಿಕೊಂಡ ಪತ್ರವೂ ಅದೇ ಪುಸ್ತಕದಲ್ಲಿ, ಅದೇ ಅಕ್ಷರಗಳಲ್ಲಿ ದಾಖಲಾಗುತ್ತದೆ.

ಧರ್ಮಸಭೆಯ ೧೯೮೩ರ ಕಾನೂನು ಸಂಹಿತೆಯ ೧೨೮೪ನೆಯ ವಿಧಿ ಚರ್ಚಿನ ಆಸ್ತಿಪತ್ರಗಳನ್ನು ಭದ್ರವಾಗಿಡಬೇಕೆಂದೂ, ಸಾಧ್ಯವಿರುವೆಡೆ ಅವುಗಳ ಅಧಿಕೃತ ಪ್ರತಿಗಳನ್ನು ಧರ್ಮಕ್ಷೇತ್ರದ ಕಚೇರಿಯಲ್ಲಿ ಇರಿಸಬೇಕೆಂದೂ ಹೇಳುತ್ತದೆ. ಗುರುಗಳಾದ ನಾವು ಇದನ್ನು ಚರ್ಚಿನ ಹೊಲಗದ್ದೆಗಳಿಗಷ್ಟೇ ಅನ್ವಯಿಸಿಕೊಳ್ಳುತ್ತೇವೆ. ಆದರೆ ಪ್ರತಿ ಧರ್ಮಕೇಂದ್ರದ ಕಪಾಟಿನಲ್ಲಿ ಇನ್ನೊಂದು ಪುಸ್ತಕವೂ ಇದೆ. ಸ್ನಾನದೀಕ್ಷೆಯ ಆ ಪುಸ್ತಕದಲ್ಲಿ ಮಗನಿಗೊಂದು ಸಾಲಾದರೆ ಮಗಳಿಗೂ ಒಂದು ಸಾಲು. ತಂದೆತಾಯಿಯ ಹೆಸರು, ದಿನಾಂಕ, ಸಾಕ್ಷಿಗಳಂತೆ ನಿಂತ ಜ್ಞಾನತಂದೆ ಜ್ಞಾನತಾಯಿ, ಅಂಚಿನಲ್ಲಿ ಮದುವೆಯ ಟಿಪ್ಪಣಿ. ವಂಶವೃಕ್ಷದಲ್ಲಿ ಬಿಟ್ಟುಹೋದವಳು ಅಲ್ಲಿ ಇರುತ್ತಾಳೆ. ಅದರ ನಕಲು ಬೇಕಾದ ಹೆಣ್ಣುಮಗಳು ತನ್ನ ಹೆಸರು, ತಂದೆತಾಯಿಯ ಹೆಸರು, ಅಂದಾಜು ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಧರ್ಮಕೇಂದ್ರದ ಗುರುಗಳಿಗೆ ಕೊಟ್ಟರೆ ಸಾಕು.